ಎರಡನೇ ಮಹಡಿಯ ಸಮುದ್ರ

ಬೆಂಗಳೂರಿಗೆ ಕಡಲಿಲ್ಲ, ಬಂಡೆಗೆ ಬರವಿಲ್ಲ. ಊರು ಕೂತಿರುವುದೇ ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ, ಸುಮಾರು 300 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಲೆಕ್ಕ ಹಾಕಿರುವ ನೈಸ್ ಶಿಲೆಯ ಮೇಲೆ. ಹಲಸೂರು ಕೆರೆಯ ಪಕ್ಕ ಕೆಂಪೇಗೌಡರ ಗೋಪುರ ನಿಂತಿರುವುದೂ ಬಂಡೆಯ ಮೇಲೇ. ಇಂಥ ಊರಿನಲ್ಲಿ ಕೆಜಿ ಲೆಕ್ಕದಲ್ಲಿ ದುಡ್ಡು ಕೊಟ್ಟು ಕಲ್ಲು ಕೊಳ್ಳುವ ಭಾವನನ್ನು ಪಡೆದಿರುವ ಪುಣ್ಯ ನನ್ನದು.

ಭಾವ ಇಂದಿರಾನಗರದಲ್ಲಿ, ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿ, ಸಮುದ್ರ ಸಾಕಿದ್ದಾರೆ. ಮುನ್ನೂರು ಲೀಟರಿನದು. ಲೀಟರಿಗೆ 35 ಗ್ರಾಂ ಉಪ್ಪು ಅಂದರೆ ಒಟ್ಟು ಹತ್ತು ಕೆಜಿಗೂ ಮೇಲೆ. ಅದೂ ಅಡುಗೆ ಉಪ್ಪಲ್ಲ, ಅಕ್ವೇರಿಯಂಗೆಂದೇ ಮಾಡಿದ ದುಬಾರಿ ಉಪ್ಪು. ನೀರೂ ನಲ್ಲಿಯದಲ್ಲ, ಕ್ಲೋರಿನ್ ಬೇಡ, ಬೋರ್‌ವೆಲ್ಲಿನ ಗಡಸುತನವೂ ಬೇಡ, ಆರ್‌ಓ ಯಂತ್ರದಿಂದ ಹನಿಹನಿಯಾಗಿ ಇಳಿದದ್ದೇ ಆಗಬೇಕು. "ಮಾವಿನಮಿಡಿಗೂ ನಾನು ಇಷ್ಟು ಉಪ್ಪು ಹಾಕಿಲ್ಲ" ಅಂತ ಅಕ್ಕ ಹೇಳಿದ್ದು ದೂರೋ ಹೊಟ್ಟೆಕಿಚ್ಚೋ ಗೊತ್ತಾಗಲಿಲ್ಲ.

ನಮ್ಮ ತಲೆಮಾರಿನವರಿಗೆ ಗಾಜಿನೊಳಗಿನ ಮೀನೆಂದರೆ 1983ರಲ್ಲಿ ಬಾಗಿಲು ತೆರೆದ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ. ನೋಡಿ, ಗಾಜಿಗೆ ಮೂಗು ಒತ್ತಿ, ಬೈಸಿಕೊಂಡು, ಆಚೆ ಬಂದು ಕಡಲೆಕಾಯಿ ತಿಂದರೆ ಮುಗಿಯಿತು. ಮನೆಗೆ ತರಬೇಕೆನ್ನುವವರ ದಾರಿ ಶಿವಾಜಿನಗರಕ್ಕೆ. 1927ರ ರಸೆಲ್ ಮಾರ್ಕೆಟ್ಟಿನೊಳಗೆ ಅಂಜಲ್, ಬಂಗುಡೆಗಳು ಐಸಿನ ಮೇಲೆ ಕೆಜಿ ಲೆಕ್ಕದಲ್ಲಿ ಮಲಗಿರುತ್ತವೆ. ಆಚೆ ಬೀದಿಯ ಅಂಗಡಿಗಳಲ್ಲಿ ಅವುಗಳ ದೂರದ ನೆಂಟರು ಪೀಸ್ ಲೆಕ್ಕದಲ್ಲಿ ಈಜುತ್ತಿರುತ್ತಾರೆ. ಸತ್ತ ಮೀನಿನ ಬೆಲೆಯನ್ನು ಚೌಕಾಸಿ ಮಾಡಿ ಇಳಿಸುವ ಭಾವ ಬದುಕಿರುವುದಕ್ಕೆ ಕೇಳಿದಷ್ಟು ಕೊಟ್ಟು ಬರುತ್ತಾರೆ.

ಅಲ್ಲೊಬ್ಬ ಹಿರಿಯ ಅಂಗಡಿಯವರು ಭಾವನಿಗೆ ಕಿವಿಮಾತು ಹೇಳಿದರಂತೆ: "ನೀರು ಎಲ್ರೂ ನೋಡ್ಕೋತಾರೆ ಸಾರ್. ಕಲ್ಲು ಯಾರೂ ನೋಡಲ್ಲ." ಅಂದಿನಿಂದ ಭಾವನಿಗೆ ಕಲ್ಲಿನದೇ ಧ್ಯಾನ.

ಕೆ.ಆರ್. ಪುರದಲ್ಲಿ ನಮ್ಮ ಚಿಕ್ಕಪ್ಪನ ಮಗ ಮನೆ ಕಟ್ಟಿಸುತ್ತಿದ್ದಾನೆ. ಪಾಯ ತೋಡಿದಾಗ ಎದ್ದ ಕಲ್ಲನ್ನು ಸಾಗಿಸುವುದೇ ಅವನಿಗೆ ತಲೆನೋವು. "ಒಂದು ಲೋಡು ಕಳಿಸಲಾ ಭಾವ?" ಅಂದ. ಭಾವ ಬೇಡವೆಂದರು. ನಮ್ಮ ನೈಸ್ ಕಲ್ಲು ವಿಷವೇನಲ್ಲ. ಆದರೆ ಮೈ ಗಟ್ಟಿ, ರಂಧ್ರವಿಲ್ಲ. ಮೀನಿನ ತೊಟ್ಟಿಯಲ್ಲಿ ಕಲ್ಲು ಬರೀ ಅಲಂಕಾರಕ್ಕಿರುವುದಲ್ಲ, ಅಲ್ಲಿ ಅದೇ ಕಕ್ಕಸು ಶುದ್ಧೀಕರಣ ಘಟಕ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಕಲ್ಲಿನ ರಂಧ್ರಗಳಲ್ಲಿ ಸಂಸಾರ ಹೂಡಬೇಕು. ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಭಾವ ಖಾಲಿ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಬಂದ ನೆಂಟರು ಇಣುಕಿ ನೋಡಿ, ಮೀನು ಕಾಣದೆ, ಅಕ್ಕನನ್ನು ಒಳಗೆ ಕರೆದು ಸಮಾಚಾರ ವಿಚಾರಿಸುತ್ತಿದ್ದರು.

ಕಡಲ ಹವಳದ ಬಂಡೆಗೆ ರಂಧ್ರ ಬೇಕಾದಷ್ಟಿದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ 2001ರಲ್ಲಿ ಹವಳಗಳೂ ಸೇರಿವೆ. ಕಿತ್ತು ತಂದರೆ ಹುಲಿ ಹಿಡಿದವರ ಸಾಲಿನಲ್ಲಿ ನಿಲ್ಲಬೇಕು. ಹಾಗಾಗಿ ಭಾವನ ಆಯ್ಕೆ ಸೆರಾಮಿಕ್ಕಿನ ಕೃತಕ ಕಲ್ಲು. ಒಂದು ಲಾಭವೂ ಉಂಟು. ಕಡಲಿಂದ ಬಂದ ಕಲ್ಲಿನೊಳಗೆ ಟಿಕೆಟಿಲ್ಲದೆ ಮ್ಯಾಂಟಿಸ್ ಸೀಗಡಿ ಅಡಗಿಕೊಂಡು ಬರಬಹುದು. ಅದು ರಾತ್ರಿ ಹೊತ್ತು ಹೊರಬಂದು ಒಂದೊಂದೇ ಮೀನಿನ ಲೆಕ್ಕ ಚುಕ್ತಾ ಮಾಡುತ್ತದೆ.

ಇನ್ನು ಜೋಡಣೆ. ಹೆಚ್ಚಿನವರು ತಳದಲ್ಲಿ ಚೆಂದಕ್ಕೆ ಬಿಳಿ ಮರಳು ಹರಡಿ, ಅದರ ಮೇಲೆ ಕಲ್ಲು ಪೇರಿಸುತ್ತಾರೆ. ಅನಾಹುತದ ಅಸ್ತಿವಾರ ಇದೇ. ಕಡಲ ಮೀನುಗಳಲ್ಲಿ ಅಗೆಯುವ ಜಾತಿಯವು ಬಹಳ. ಗೋಬಿ ಮೀನಿಗೂ ಪಿಸ್ತೂಲ್ ಸೀಗಡಿಗೂ ಒಂದು ಕರಾರಿದೆ: ಕಣ್ಣು ಮಂದವಾದ ಸೀಗಡಿ ಬಿಲ ತೋಡುತ್ತದೆ, ಗೋಬಿ ಬಾಗಿಲಲ್ಲಿ ಕಾವಲು ನಿಲ್ಲುತ್ತದೆ. ಸೀಗಡಿ ಹೊರಗೆ ಬಂದಾಗ ತನ್ನ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಇರುತ್ತದೆ. ಮೀನು ಬಾಲ ಅದುರಿಸಿದರೆ ಎರಡೂ ಒಳಗೆ. ಇಷ್ಟು ಚೆಂದದ ದಾಂಪತ್ಯವನ್ನು ನಾನು ಹಲಸೂರಿನ ನಮ್ಮ ಬೀದಿಯಲ್ಲಿ ಕಂಡಿಲ್ಲ. ಆದರೆ ಸೀಗಡಿ, ನಮ್ಮೂರಲ್ಲಿ ಡಾಂಬರು ಹಾಕಿದ ಮರುದಿನ ಗುದ್ದಲಿ ತರುವವರ ಹಾಗೆ, ಮೇಲೇನಿದೆ ಎಂದು ಕೇಳಿ ಅಗೆಯುವುದಿಲ್ಲ. ಬುಡದ ಮರಳು ಸರಿದ ರಾತ್ರಿ ಕಲ್ಲು ಕುಸಿಯುತ್ತದೆ. ಬಿಲದೊಳಗಿದ್ದವರು ಅಪ್ಪಚ್ಚಿ, ಕಲ್ಲು ಗಾಜಿನತ್ತ ಉರುಳಿದರಂತೂ ಸಮುದ್ರವೇ ಸೋಫಾದ ಕೆಳಗೆ.

ನೀರಿನಲ್ಲಿ ಕಲ್ಲು ಹಗುರ ತಾನೇ ಎನ್ನಬಹುದು. ನಮ್ಮ ಬೆಂಗಳೂರು ಕಲ್ಲು ಹತ್ತು ಕೆಜಿಯದಾದರೆ ನೀರಿನೊಳಗೂ ಆರು ಕೆಜಿ ತೂಗುತ್ತದೆ. ರಂಧ್ರದ ಕಲ್ಲು ಅಷ್ಟು ತೂಗದು, ಆದರೆ ಮೀನಿನ ತೂಕ ಎಷ್ಟೆಂದೂ ನೋಡಬೇಕಲ್ಲ. ಅದಕ್ಕೇ ಭಾವ ಮೊದಲು ಗಾಜಿನ ತಳದ ಮೇಲೆ ಪ್ಲಾಸ್ಟಿಕ್ ಜಾಲರಿ ಹಾಸಿ, ಅದರ ಮೇಲೆ ಬುಡದ ಕಲ್ಲು ಕೂರಿಸಿ, ಆಮೇಲೆ ಸುತ್ತ ಮರಳು ಸುರಿದರು. ಮೇಲಿನ ಕಲ್ಲುಗಳಿಗೆ ಎಪಾಕ್ಸಿ ಅಂಟು. ನೀರು ಬಿಡುವ ಮೊದಲು ಗುಡ್ಡವನ್ನು ನಾಲ್ಕೂ ಕಡೆಯಿಂದ ಕೈಯಲ್ಲಿ ದೂಡಿ ನೋಡಿದರು. ಹಿಂದಿನ ಗಾಜಿಗೆ ಕಲ್ಲು ತಾಗದಂತೆ ಕೈ ಹೋಗುವಷ್ಟು ಸಂದು ಬಿಟ್ಟರು: ನೀರು ಸುತ್ತಬೇಕು, ಮೀನು ಸಿಕ್ಕಿಕೊಳ್ಳಬಾರದು. ಪ್ರತಿ ಗುಹೆಗೂ ಎರಡು ಬಾಗಿಲು. ಇದಕ್ಕೆ ಕಾರಣ ಡ್ಯಾಮ್ಸೆಲ್ ಮೀನು. ಹೆಬ್ಬೆಟ್ಟಿನಷ್ಟಿರುವ ಇದು ಮೊದಲು ಬಂದ ತಪ್ಪಿಗೆ ಇಡೀ ಗುಡ್ಡವನ್ನು ತನ್ನ ಹೆಸರಿಗೆ ಖಾತೆ ಮಾಡಿಸಿಕೊಂಡಿರುತ್ತದೆ. ಹಿತ್ತಿಲ ಬಾಗಿಲಿಲ್ಲದ ಗುಹೆಗೆ ಹೊಸಬರನ್ನು ಅಟ್ಟಿಸಿಕೊಂಡು ಹೋದರೆ ಕತೆ ಮುಗಿಯಿತು. ಹೊಸ ಮೀನು ಬಿಡುವ ದಿನ ಒಂದೆರಡು ಬಿಡಿ ಕಲ್ಲುಗಳ ಜಾಗ ಬದಲಿಸಿಬಿಟ್ಟರೆ ಡ್ಯಾಮ್ಸೆಲ್‌ಗೆ ತನ್ನ ಗಡಿಯೇ ಗೊತ್ತಾಗದೆ ದಿನವೆಲ್ಲ ಸರ್ವೇ ಮಾಡುತ್ತ ಕೂರುತ್ತದೆ. ಅಷ್ಟರಲ್ಲಿ ಹೊಸಬರು ಸಾಮಾನು ಇಳಿಸಿಕೊಂಡಿರುತ್ತಾರೆ.

ಇಷ್ಟಾದರೂ ಕರೆಂಟು ಸುಮ್ಮನಿರಬೇಕಲ್ಲ. ಹೋದಾಗಿನ ಕಷ್ಟಕ್ಕೆ ಯುಪಿಎಸ್ ಇದೆ. ಭಾವನಿಗೆ ಭಯ ಬಂದಾಗಿನದು. ನಡುರಾತ್ರಿ ದೀಪ ಫಕ್ಕನೆ ಹತ್ತಿದರೆ ಮಲಗಿದ್ದ ಮೀನುಗಳು ಬೆಚ್ಚಿ ನೇರ ಕಲ್ಲಿಗೇ ಡಿಕ್ಕಿ ಹೊಡೆಯುತ್ತವೆ. ಹಾಗಾಗಿ ತೊಟ್ಟಿಯ ದೀಪಕ್ಕೆ ಟೈಮರು. ಬೆಳಗ್ಗೆ ಮೊದಲು ಹಾಲಿನ ದೀಪ, ಸ್ವಲ್ಪ ಹೊತ್ತು ಬಿಟ್ಟು ತೊಟ್ಟಿಯದು. ಅಕ್ಕ ನಲ್ವತ್ತು ವರ್ಷದಿಂದ ಐದೂವರೆಗೆ ಟ್ಯೂಬ್‌ಲೈಟಿನ ಕೆಳಗೇ ಎದ್ದವಳು. ಈ ಮರ್ಯಾದೆ ಅವಳಿಗೆ ಸಿಕ್ಕಿಲ್ಲವೆಂಬುದನ್ನು ನಾನು ಎತ್ತಲು ಹೋಗಲಿಲ್ಲ.

ಟ್ರಿಗರ್ ಮೀನು ಬಂದ ರಾತ್ರಿ ಭಾವ ಫೋನು ಮಾಡಿದರು. "ಬೇಗ ಬಾರೋ, ಕಲ್ಲಿನ ಸಂದಿಯಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿದೆ." ನಾನು ಹಲಸೂರಿನಿಂದ ಆಟೊ ಹಿಡಿದು ಹೋಗುವಷ್ಟರಲ್ಲಿ ಶಿವಾಜಿನಗರದಿಂದ ಫೋನಿನಲ್ಲೇ ತೀರ್ಪು ಬಂದಿತ್ತು: ಅದು ಸಿಕ್ಕಿಕೊಂಡಿಲ್ಲ, ಮಲಗಿದೆ. ಬೆನ್ನಿನ ಮುಳ್ಳನ್ನು ಚಿಲಕದ ಹಾಗೆ ಎತ್ತಿ ಸಂದಿಯಲ್ಲಿ ಬಿಗಿದುಕೊಳ್ಳುವುದು ಅದರ ಜಾತಿಧರ್ಮ. ಹಾಗಿದ್ದರೆ ಯಾರಿಗೂ ಎಳೆದು ತಿನ್ನಲಾಗುವುದಿಲ್ಲ. ಎಳೆಯಬೇಡಿ, ಕಾಫಿ ಕುಡಿಯಿರಿ. ಕುಡಿದೆವು.

ನಮ್ಮ ಗಲಾಟೆಗೆ ಕೆಳಮನೆಯ ಓನರ್ ಎದ್ದು ಬಂದಿದ್ದರು. ಭಾವ ಹುರುಪಿನಲ್ಲಿ ಅವರಿಗೆ ಜಾಲರಿ, ಎಪಾಕ್ಸಿ, ಎರಡು ಬಾಗಿಲು ಎಲ್ಲವನ್ನೂ ಬಿಡಿಸಿ ಹೇಳಿದರು. "ಹಂಗಾದ್ರೆ ಎಷ್ಟು ತೂಕ ಆಯ್ತು ಸಾರ್ ಒಟ್ಟು?" ಅಂತ ಅವರು ಕೇಳಿದರು. ನೀರೇ ಮುನ್ನೂರು ಕೆಜಿ, ಗಾಜು ಕಲ್ಲು ಸ್ಟ್ಯಾಂಡು ಸೇರಿ ನಾನೂರರ ಮೇಲಾಗಬಹುದು ಅಂದರು ಭಾವ, ಹೆಮ್ಮೆಯಿಂದ. "ಮೀನ್ಗೇನೂ ಆಗಲ್ಲ ಅನ್ನಿ" ಎಂದು ಓನರ್ ಒಮ್ಮೆ ನೆಲ ನೋಡಿ ಇಳಿದು ಹೋದರು. ಆ ಭಾನುವಾರ ಕೆಳಗಿನ ರೂಮಿನಿಂದ ಅವರ ಮಂಚ ಹಿಂದಿನ ರೂಮಿಗೆ ಹೋಯಿತು. ಒಂದು ಕಡೆ ನಾನೇ ಹಿಡಿದುಕೊಂಡಿದ್ದೆ.