ಗಿರಿಚಕ್ರ ಮೀಮಾಂಸೆ: ಮುಂಬಯಿಯೇ ಮೂಲಸ್ಥಾನವೆಂಬ ಸಿದ್ಧಾಂತದ ಸಮರ್ಥನೆ

ಬೆಟ್ಟಗುಡ್ಡಗಳ ಕಾಡುದಾರಿಯಲ್ಲಿ ಸೈಕಲ್ ತುಳಿಯುವ ವಿದ್ಯೆಗೆ ಮೌಂಟನ್ ಬೈಕಿಂಗ್ ಎಂದು ಹೆಸರು. ಅದು ಅಮೆರಿಕದಲ್ಲಿ ಹುಟ್ಟಿತೆಂಬುದು ಪೂರ್ವಪಕ್ಷ. ಶಾಸ್ತ್ರಮರ್ಯಾದೆಯಂತೆ ಆ ಪಕ್ಷದ ಮಾತನ್ನು ಮೊದಲು ಕೇಳಿಸಿಕೊಳ್ಳೋಣ. 1976ರ ಅಕ್ಟೋಬರ್ 21ರಂದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ತರುಣರು, ಗುಜರಿಗೆ ಸೇರಬೇಕಾಗಿದ್ದ ಹಳೆಯ ಶ್ವಿನ್ ಸೈಕಲ್ಲುಗಳನ್ನು ಗುಡ್ಡದ ನೆತ್ತಿಗೆ ಸಾಗಿಸಿ, ಸುಮಾರು 1,300 ಅಡಿ ಇಳಿಯುವ ಮಣ್ಣುದಾರಿಯಲ್ಲಿ ಬಿಟ್ಟುಕೊಂಡು ಬಂದರು. ಪೆಡ್ಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಅವರದು. ಇಳಿಯುವಷ್ಟರಲ್ಲಿ ಅದು ಕೆಂಡವಾಗಿ, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಇಳಿತಕ್ಕೂ ಮತ್ತೆ ಗ್ರೀಸು ತುಂಬಬೇಕಾಗಿದ್ದರಿಂದ ಆ ಸ್ಪರ್ಧೆಗೆ ರೀಪ್ಯಾಕ್ ಎಂಬ ಹೆಸರೇ ನಿಂತಿತು. ಮೊದಲ ದಿನ ಗೆದ್ದವನು, ದಾರಿಯಲ್ಲಿ ಬೀಳದೆ ಉಳಿದ ಒಬ್ಬನೇ ಒಬ್ಬ ಸವಾರನಂತೆ. ಅಲ್ಲಿಂದ ಮುಂದೆ 1990ರಲ್ಲಿ ಕೊಲರಾಡೋದ ಡುರಾಂಗೋದಲ್ಲಿ ವಿಶ್ವ ಚಾಂಪಿಯನ್‌ಶಿಪ್, 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್. ಇಷ್ಟೆಲ್ಲ ಒಪ್ಪತಕ್ಕದ್ದೇ. ಆದರೆ ಹಾಳು ಸೈಕಲ್ಲು, ಹಾಳು ದಾರಿ, ಹಿಡಿಯದ ಬ್ರೇಕು, ಬೀಳದೆ ಮನೆ ಮುಟ್ಟಿದ್ದೇ ಗೆಲುವು ಎಂಬ ಈ ನಾಲ್ಕು ಲಕ್ಷಣಗಳು ಒಟ್ಟಿಗೆ, ವರ್ಷದ ಎಲ್ಲ ದಿನವೂ, ಯಾರ ಪ್ರಯತ್ನವೂ ಇಲ್ಲದೆ ಕೂಡಿಬರುವ ಊರು ಯಾವುದೆಂದು ಪೂರ್ವಪಕ್ಷದವರು ವಿಚಾರಿಸಲಿಲ್ಲ. ಆ ಊರು ಮುಂಬಯಿ. ಮೂಲ ಇಲ್ಲಿಯದು, ಅಲ್ಲಿಯದು ತಡವಾಗಿ ಬಂದ ನಕಲು ಎಂಬುದು ನಮ್ಮ ಸಿದ್ಧಾಂತ.

ಮೊದಲು ಪ್ರತ್ಯಕ್ಷ ಪ್ರಮಾಣ. ಸಾಕ್ಷಿಯಾಗಿ ಡಬ್ಬಾವಾಲಾನ ಕರಿ ಸೈಕಲ್ಲನ್ನು ಕರೆಯುತ್ತೇವೆ. ಮಹಾದೇವ ಹಾವಜಿ ಬಚ್ಚೆ 1890ರಲ್ಲಿ ಆರಂಭಿಸಿದ ಈ ಊಟದ ಡಬ್ಬಿ ಸಾಗಣೆಯನ್ನು ಮ್ಯಾನೇಜ್‌ಮೆಂಟ್ ಪಂಡಿತರು ಸಾಕಷ್ಟು ಕೊಂಡಾಡಿದ್ದಾರೆ, ಸೈಕಲ್ಲನ್ನು ಮಾತ್ರ ಬಗ್ಗಿ ನೋಡಿಲ್ಲ. ನೋಡಿದ್ದರೆ ಬೆಚ್ಚಿಬೀಳುತ್ತಿದ್ದರು. ಚಕ್ರದಿಂದ ಶುರುಮಾಡೋಣ. ಪಾಶ್ಚಾತ್ಯರು ಬೆಟ್ಟಕ್ಕೆ 26 ಇಂಚಿನ ಚಕ್ರವೇ ಸರಿಯೆಂದು ಬಹುಕಾಲ ನಂಬಿದ್ದರು. ಅದರ ರಿಮ್ಮಿನ ವ್ಯಾಸ 559 ಮಿಲಿಮೀಟರ್. ದೊಡ್ಡ ಚಕ್ರ ಕಲ್ಲು ಗುಂಡಿಗಳನ್ನು ಸಲೀಸಾಗಿ ದಾಟುತ್ತದೆಂದು ಬಹಳ ತಡವಾಗಿ ಹೊಳೆದು, ಈ ಶತಮಾನದಲ್ಲಿ 29 ಇಂಚಿಗೆ, ಅಂದರೆ 622 ಮಿಲಿಮೀಟರಿಗೆ ಬಂದರು. ಕರಿ ಸೈಕಲ್ಲಿನ 28 ಇಂಚಿನ ಚಕ್ರದ ರಿಮ್ಮು 635 ಮಿಲಿಮೀಟರ್. ಹೆಸರಿನಲ್ಲಿ ಒಂದಿಂಚು ಕಡಿಮೆ, ಅಳೆದರೆ ಹದಿಮೂರು ಮಿಲಿಮೀಟರ್ ಹೆಚ್ಚು. ಇಂಥ ವಿನಯ ವಿದ್ವಾಂಸರಲ್ಲೂ ಅಪರೂಪ. ಮುಂದೆ ಫೋರ್ಕು. 1990ರ ದಶಕದ ಬೆಟ್ಟದ ಸೈಕಲ್ಲಿನ ಫೋರ್ಕು ನೆಲಕ್ಕೆ ಸುಮಾರು 71 ಡಿಗ್ರಿಯಲ್ಲಿ ನೆಟ್ಟಗೆ ನಿಲ್ಲುತ್ತಿತ್ತು. ಇಳಿಜಾರಿನಲ್ಲಿ ಸವಾರ ಹ್ಯಾಂಡಲ್ ಹಾರಿ ಮುಂದೆ ಬೀಳುತ್ತಾನೆಂದು ಕಂಡುಕೊಂಡ ಮೇಲೆ ಅದನ್ನು ವರ್ಷವರ್ಷವೂ ಓರೆಮಾಡುತ್ತ ಈಗ 65ರ ಆಸುಪಾಸಿಗೆ ತಂದಿದ್ದಾರೆ. ಜೊತೆಗೆ ಎರಡು ಚಕ್ರಗಳ ನಡುವಿನ ದೂರವನ್ನೂ ಹೆಚ್ಚಿಸಿದ್ದಾರೆ. ಉದ್ದನೆಯ ಮೈ, ಓರೆ ಫೋರ್ಕು: ಪೇಪರಿನ ಹುಡುಗ, ಪಾವ್ ಮಾರುವವ, ಹಾಲಿನವ, ಎಲ್ಲರೂ ತುಳಿಯುತ್ತಿರುವುದು ಇದನ್ನೇ.

ಗೇರಿನ ವಿಷಯ ಇನ್ನೂ ಸ್ಪಷ್ಟ. ಬೆಟ್ಟದ ಸೈಕಲ್ಲಿಗೆ ಮುಂದೆ ಮೂರು ಹಲ್ಲುಚಕ್ರ, ಹಿಂದೆ ಒಂಬತ್ತೋ ಹತ್ತೋ, ಒಟ್ಟು ಮೂವತ್ತರವರೆಗೆ ಗೇರು ಎಂಬ ವೈಭವದ ಕಾಲವೊಂದಿತ್ತು. 2012ರಲ್ಲಿ ಸ್ರ್ಯಾಮ್ ಕಂಪನಿ ಮುಂದಿನ ಮೂರನ್ನು ಒಂದಕ್ಕಿಳಿಸಿ ಅದನ್ನು ಕ್ರಾಂತಿಯೆಂದು ಮಾರಿತು, ಜಗತ್ತು ಹೌದೆಂದು ಕೊಂಡಿತು. ಕರಿ ಸೈಕಲ್ಲಿನ ಮುಂದೆ ಇದ್ದದ್ದು ಎಂದೂ ಒಂದೇ. ಹಿಂದೆಯೂ ಒಂದೇ. ಒಟ್ಟು ಮೂವತ್ತು ಗೇರಿನಿಂದ ಈಗಿನ ಹನ್ನೆರಡಕ್ಕೆ ಇಳಿದ ಈ ವಿಕಾಸ ಇದೇ ದಿಕ್ಕಿನಲ್ಲಿ ಸಾಗಿದರೆ ಒಂದಕ್ಕೆ ಬಂದು ನಿಲ್ಲುವುದು ಗಣಿತದ ಅನಿವಾರ್ಯ. ಆ ದಿನ ಕಂಪನಿಯ ಎಂಜಿನಿಯರುಗಳು ದಾದರ್ ಸ್ಟೇಷನ್ನಿನ ಹೊರಗೆ ಸಾಲಾಗಿ ನಿಂತ ಸೈಕಲ್ಲುಗಳ ಮುಂದೆ ಬಂದು ನಿಂತರೆ ಯಾರೂ ಆಶ್ಚರ್ಯಪಡಬೇಕಾಗಿಲ್ಲ. ಶಾಕ್ ಅಬ್ಸಾರ್ಬರ್ ಎಲ್ಲಿ ಎಂದು ಕೇಳುವವರಿಗೆ ಸೀಟಿನ ಕೆಳಗಿನ ಸ್ಪ್ರಿಂಗು ತೋರಿಸಿದರೆ ಸಾಕು.

ಇನ್ನು ದಾರಿ. ಕೆನಡಾದ ವಿಸ್ಲರಿನಂಥ ಸೈಕಲ್ ಪಾರ್ಕುಗಳಲ್ಲಿ ಸವಾರರಿಗಾಗಿ ಕಲ್ಲಿನ ಹಾಸು, ಇದ್ದಕ್ಕಿದ್ದಂತೆ ಬರುವ ಕುಸಿತ, ಅಲೆಅಲೆಯಾದ ದಿಬ್ಬಗಳನ್ನು ಕಾಸು ಸುರಿದು ಕಟ್ಟುತ್ತಾರೆ, ಒಳಹೋಗಲು ಟಿಕೆಟ್ಟಿಡುತ್ತಾರೆ. ಮುಂಬಯಿಯಲ್ಲಿ ಇದೇ ಕೆಲಸ ಪ್ರತಿ ಜೂನಿನಲ್ಲಿ ಪುಕ್ಕಟೆಯಾಗಿ ನಡೆಯುತ್ತದೆ. ಅದರ ತಂತ್ರ ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. ಡಾಂಬರಿನ ಸಣ್ಣ ಬಿರುಕಿನಲ್ಲಿ ನೀರು ಇಳಿಯಬೇಕು, ಜಲ್ಲಿಗೂ ಡಾಂಬರಿಗೂ ಇದ್ದ ಹಿಡಿತ ಬಿಡಬೇಕು, ಮೇಲೆ ಬೆಸ್ಟ್ ಬಸ್ಸಿನ ಗಾಲಿ ಹಾದಾಗಲೆಲ್ಲ ಒಳಗಿನ ನೀರು ಒತ್ತಡಕ್ಕೆ ಸಿಕ್ಕಿ ಜಲ್ಲಿಯನ್ನು ಹೊರಕ್ಕೆ ಉಗಿಯಬೇಕು. ಕೇಬಲ್ಲಿಗೆಂದೋ ಗ್ಯಾಸ್ ಪೈಪಿಗೆಂದೋ ಅಗೆದು ಅರೆಬರೆ ಮುಚ್ಚಿದ ಅಡ್ಡಗಾಲುವೆ ಅಲ್ಲೇ ಇದ್ದರೆ ಕೆಲಸ ಬೇಗ ಸಾಗುತ್ತದೆ. ಹೀಗೆ ಹುಟ್ಟಿದ ಖಡ್ಡಾಕ್ಕೆ ಪೇವರ್ ಬ್ಲಾಕು ತುಂಬಿದರೆ ಎರಡನೆಯ ಹಂತ: ಬ್ಲಾಕುಗಳು ಒಂದೊಂದಾಗಿ ಎದ್ದು ಕಲ್ಲಿನ ಹಾಸು ತಾನಾಗಿ ಸಿದ್ಧ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅಷ್ಟು ನೀರನ್ನು ದಾರಿಯ ನಿರ್ಮಾಣಕ್ಕೆ ವಿನಿಯೋಗಿಸಬಲ್ಲ ಸೈಕಲ್ ಪಾರ್ಕು ಭೂಮಿಯ ಮೇಲೆ ಇನ್ನೊಂದಿದ್ದರೆ ತೋರಿಸಲಿ. ಈಚೆಗೆ ರಸ್ತೆಗಳನ್ನೆಲ್ಲ ಕಾಂಕ್ರೀಟ್ ಮಾಡುವ ಕೆಲಸ ನಡೆದಿದ್ದು ಅದರಿಂದ ಈ ಪರಂಪರೆ ನಶಿಸುತ್ತದೆಂದು ಕೆಲವರು ಕಳವಳಪಡುತ್ತಾರೆ. ಕಳವಳ ಬೇಡ. ಕಾಂಕ್ರೀಟ್ ಹಾಕಲು ಮೊದಲು ಅಗೆಯಬೇಕಲ್ಲ.

ಇಲ್ಲಿ ಪ್ರತಿವಾದಿ ಏಳುತ್ತಾನೆ: ಸೈಕಲ್ಲಿದೆ, ಗುಂಡಿಯಿದೆ, ಪರ್ವತವೆಲ್ಲಿ? ಏಳು ದ್ವೀಪಗಳ ನಡುವಿನ ಕಡಲು ತುಂಬಿ ಮಾಡಿದ ಊರಿನಲ್ಲಿ ಮೌಂಟನ್ ಎಂಬ ಮಾತಾದರೂ ಹೇಗೆ ಸಲ್ಲುತ್ತದೆ? ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಶಿಖರ 450 ಮೀಟರಿಗೂ ಮಿಕ್ಕಿದ್ದೆಂದು, ಅಂದರೆ ರೀಪ್ಯಾಕಿನ ಇಡೀ ಇಳಿಜಾರಿಗಿಂತ ಎತ್ತರದ್ದೆಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅನುಮಾನ ಪ್ರಮಾಣಕ್ಕೆ ಅವಕಾಶವಿರುವಲ್ಲಿ ಬರೀ ಅಳತೆಗೆ ಶರಣಾಗುವುದು ತಾರ್ಕಿಕನಿಗೆ ಶೋಭೆಯಲ್ಲ. ಹೊಗೆಯಿರುವುದರಿಂದ ಪರ್ವತದಲ್ಲಿ ಬೆಂಕಿಯಿದೆ ಎಂಬುದು ನ್ಯಾಯಶಾಸ್ತ್ರ ಕಲಿಯುವ ಮಕ್ಕಳಿಗೂ ಗೊತ್ತಿರುವ ಉದಾಹರಣೆ. ಶತಶತಮಾನ ಅದನ್ನು ಉರುಹೊಡೆದ ನಮ್ಮ ಪಂಡಿತರಿಗೆ ಆ ಪರ್ವತ ಎಲ್ಲಿದೆಯೆಂದು ತೋರಿಸಲಾಗಿರಲಿಲ್ಲ. ಅದು ಚೆಂಬೂರಿನಾಚೆಯ ದೇವನಾರ್‌ನಲ್ಲಿದೆ. 1927ರಿಂದ ನಗರದ ಕಸ ಬಿದ್ದು ಬಿದ್ದು ಎದ್ದ ಗುಡ್ಡ ಅದು. 2016ರ ಜನವರಿಯಲ್ಲಿ ಅದು ಹೊತ್ತಿ ಉರಿದಾಗ ಹೊಗೆ ಉಪಗ್ರಹದ ಕಣ್ಣಿಗೂ ಬಿತ್ತು, ಸುತ್ತಲ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಹೊಗೆಯಿಂದ ಬೆಂಕಿ ಸಿದ್ಧ, ಬೆಂಕಿಯಿಂದ ಪರ್ವತ ಸಿದ್ಧ. ನಗರವೊಂದು ತಾನು ತಿಂದು ಬಿಟ್ಟದ್ದರಿಂದಲೇ ಪರ್ವತ ಎಬ್ಬಿಸಿಕೊಂಡಿರುವಾಗ ಅದಕ್ಕೆ ಪರ್ವತವಿಲ್ಲ ಎನ್ನುವುದು ಕುತರ್ಕ.

ಶಬ್ದಪ್ರಮಾಣಕ್ಕೆ ಬರೋಣ, ಕನ್ನಡಿಗರಿಗೆ ಹೆಚ್ಚು ರುಚಿಸುವ ಭಾಗ ಇದು. ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ಬಾಡಿಗೆ ಸೈಕಲ್ಲು ಸಿಗುತ್ತದೆ. ಅದನ್ನು ತುಳಿದುಕೊಂಡು ಕಾಡಿನ ನಡುವೆ ಏರುತ್ತ ಹೋದರೆ ದಾರಿ ಮುಗಿಯುವುದು ಕಾನ್ಹೇರಿ ಗುಹೆಗಳಲ್ಲಿ. ಕರಿಗಲ್ಲಿನ ಗುಡ್ಡದಲ್ಲಿ ಕೊರೆದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು ಅಲ್ಲಿವೆ. ಅವುಗಳಲ್ಲಿ ಶಕ 765 ಮತ್ತು 799ರ, ಎಂದರೆ ಕ್ರಿ.ಶ. 843 ಮತ್ತು 877ರ ಶಾಸನಗಳಿವೆ. ಕೊಂಕಣದ ಶಿಲಾಹಾರ ಸಾಮಂತರು ತಮ್ಮ ಒಡೆಯನೆಂದು ಅವುಗಳಲ್ಲಿ ಹೆಸರಿಸುವುದು ರಾಷ್ಟ್ರಕೂಟ ಅಮೋಘವರ್ಷನನ್ನು, ನಮ್ಮ ನೃಪತುಂಗನನ್ನು. ಅವನ ಆಸ್ಥಾನದ ಕವಿರಾಜಮಾರ್ಗ ಕನ್ನಡನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಹೇಳುತ್ತದೆ. ಗೋದಾವರಿ ಹುಟ್ಟುವುದು ತ್ರ್ಯಂಬಕೇಶ್ವರದಲ್ಲಿ. ನಕ್ಷೆಯ ಮೇಲೆ ಅಲ್ಲಿಂದ ಅಡ್ಡಗೆರೆ ಎಳೆದರೆ ಬೋರಿವಲಿ ಅದರ ತೆಂಕಣಕ್ಕೆ ಬೀಳುತ್ತದೆ. ಆದ್ದರಿಂದ ಬೋರಿವಲಿಯ ಗುಡ್ಡದಲ್ಲಿ ನಡೆಯುವ ಗಿರಿಚಕ್ರಯಾನ ಕನ್ನಡದ್ದೇ ಎಂಬುದು ನಿರ್ವಿವಾದ. (ಮರಾಠಿ ಮಿತ್ರರೆದುರು ಈ ವಾಕ್ಯವನ್ನು ಮೆಲ್ಲಗೆ ಓದುವುದು ಲೇಸು.) ಶಾಸನಗಳು ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ ದಾನ ಹೇಳುವಾಗ ದುರಸ್ತಿಗೂ ಬೇರೆಯಾಗಿ ಹಣ ತೆಗೆದಿಡುವುದನ್ನು ಗಮನಿಸಬೇಕು, ರಿಪೇರಿಗೆಂದು ಹಣ ಮಂಜೂರಾಗುವ ಸಂಪ್ರದಾಯ ಈ ಊರಿನಲ್ಲಿ ಸಾವಿರದ ನೂರು ವರ್ಷಗಳಿಗೂ ಹಳೆಯದು. ನೃಪತುಂಗನ ಕಾಲದಲ್ಲಿ ಸೈಕಲ್ಲೇ ಇರಲಿಲ್ಲ, ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಮಾಡಿದ್ದೇ ಮೊದಲನೆಯದು ಎಂದು ಯಾರಾದರೂ ಅಂದಾರು. ಇರಲಿಲ್ಲವೆಂದು ಶಾಸನದಲ್ಲಿ ಎಲ್ಲೂ ಬರೆದಿಲ್ಲ. ಇಷ್ಟೇ ಆಧಾರದ ಮೇಲೆ ವಿಮಾನಗಳನ್ನೇ ಹಾರಿಸಿದವರಿರುವಾಗ ನಾವು ಕೇಳುತ್ತಿರುವುದು ಬರೀ ಸೈಕಲ್ಲು.

ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಮೀಮಾಂಸಕರು ಇದನ್ನು ಅರ್ಥಾಪತ್ತಿ ಎನ್ನುತ್ತಾರೆ. ಸರ್ಕಾರದ ಮನಸ್ಸನ್ನು ಅರಿಯಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. 2009ರಲ್ಲಿ ಬಾಂದ್ರಾ-ವರ್ಲಿ ಸೀ ಲಿಂಕ್ ತೆರೆಯಿತು, ಅದರ ಮೇಲೆ ಸೈಕಲ್ಲಿಗೆ ಪ್ರವೇಶವಿಲ್ಲ. 2024ರ ಜನವರಿಯಲ್ಲಿ 21.8 ಕಿಲೋಮೀಟರಿನ ಅಟಲ್ ಸೇತು ತೆರೆಯಿತು, ಅದರ ಮೇಲೂ ಇಲ್ಲ. ಕೋಸ್ಟಲ್ ರೋಡಿನ ಮೇಲೂ ಇಲ್ಲ. ನುಣುಪಾದ ರಸ್ತೆ ಎಲ್ಲೆಲ್ಲಿ ಹುಟ್ಟುತ್ತದೋ ಅಲ್ಲಲ್ಲಿ ಸೈಕಲ್ಲಿಗೆ ನಿಷೇಧ ಹುಟ್ಟುತ್ತದೆ. ಆದರೂ ಊರಿನಲ್ಲಿ ಸೈಕಲ್ಲುಗಳಿವೆ. ಸಮತಟ್ಟಾದ ದಾರಿ ಅಭ್ಯಾಸವಾಗಿ ಸವಾರನ ವಿದ್ಯೆ ಜಂಗು ಹಿಡಿಯದಿರಲೆಂದು ಪ್ರಭುತ್ವವೇ ಅವನನ್ನು ಗುಂಡಿದಾರಿಗೆ ಮೀಸಲಿಟ್ಟಿದೆ ಎಂದಲ್ಲದೆ ಇದಕ್ಕೆ ಬೇರೆ ಅರ್ಥ ಹೊಂದುವುದಿಲ್ಲ. ಸೈಕಲ್ ಪಥಗಳ ಕಥೆಯೂ ಇದನ್ನೇ ಹೇಳುತ್ತದೆ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ ಬಂದ ಪಥ ಕಾರು ನಿಲ್ಲಿಸುವ ಜಾಗವಾಗಿ ಸಾರ್ಥಕವಾಯಿತು. ಪವಯಿ ಕೆರೆಯ ಸುತ್ತ ಕಲ್ಲು ತುಂಬಿ ಕಟ್ಟಹೊರಟ ಪಥವನ್ನು 2022ರ ಮೇಯಲ್ಲಿ ಬಾಂಬೆ ಹೈಕೋರ್ಟ್ ಅಕ್ರಮವೆಂದು ಸಾರಿ, ಹಾಕಿದ್ದನ್ನು ತೆಗೆಯಿರಿ ಎಂದಿತು. ಈ ಎರಡನೆಯದರಲ್ಲಿ ನಮ್ಮ ಸಿದ್ಧಾಂತವನ್ನು ಬದಿಗಿಟ್ಟೂ ಕೋರ್ಟಿನ ಜೊತೆ ನಿಲ್ಲುತ್ತೇವೆ. ರಸ್ತೆಯಲ್ಲಿ ಕೊಡಲೊಲ್ಲದ ಜಾಗವನ್ನು ಆ ಕೆರೆಯ ಮೊಸಳೆಯ ಪಾಲಿನಿಂದ ಕಿತ್ತು ಸೈಕಲ್ಲಿಗೆ ಕೊಡುವುದು ಯಾವ ಶಾಸ್ತ್ರಕ್ಕೂ ಒಗ್ಗುವುದಿಲ್ಲ.

ಪ್ರತಿವಾದಿಯ ಕೊನೆಯ ಅಸ್ತ್ರ ಬಾಕಿಯಿದೆ, ಅದು ಹರಿತವಾದದ್ದೂ ಹೌದು. ಡಬ್ಬಾವಾಲಾ ಹೊಟ್ಟೆಪಾಡಿಗೆ ತುಳಿಯುತ್ತಾನೆ. ಕ್ರೀಡೆಯೆಂದರೆ ಬೇಡದ ಕಷ್ಟವನ್ನು ಬಯಸಿ ಮೈಮೇಲೆ ಎಳೆದುಕೊಳ್ಳುವುದು. ಆದ್ದರಿಂದ ಅವನದು ಸವಾರಿಯೇ ಹೊರತು ಕ್ರೀಡೆಯಲ್ಲ ಎಂಬ ವಾದ. ಸರಿ. ಹಾಗಾದರೆ ಸಂಬಳ, ಪ್ರಾಯೋಜಕರ ಹಣ ಪಡೆದು ಒಲಿಂಪಿಕ್ಸಿನಲ್ಲಿ ತುಳಿಯುವವನದೂ ಹೊಟ್ಟೆಪಾಡೇ. ಅವನನ್ನು ಕ್ರೀಡಾಪಟು ಎಂದು ಒಪ್ಪಿ ಇವನನ್ನು ಬಿಡಲು ಉಳಿಯುವ ಕಾರಣ ಒಂದೇ, ಸೈಕಲ್ಲಿನ ಬೆಲೆ. ಭಾನುವಾರ ಬೆಳಗ್ಗೆ ಠಾಣೆಯ ಯೇವೂರು ಗುಡ್ಡದ ಬುಡದಲ್ಲಿ ನಿಂತವರಿಗೆ ಈ ಕಾರಣ ಕಣ್ಣಾರೆ ಕಾಣುತ್ತದೆ: ಲಕ್ಷ ದಾಟಿದ ಸೈಕಲ್ಲು ಕಾರಿನ ಬೆನ್ನೇರಿ ಬರುತ್ತದೆ, ಗಂಟೆಯೆರಡು ಗಂಟೆ ಗುಡ್ಡ ಹತ್ತಿಳಿದು, ಮತ್ತೆ ಕಾರಿನ ಬೆನ್ನೇರಿ ಮರಳುತ್ತದೆ. ಮನೆಯಿಂದ ಗುಡ್ಡದವರೆಗಿನ ನಿಜವಾದ ಮೌಂಟನ್ ಬೈಕಿಂಗನ್ನು, ಅಂದರೆ ಘೋಡ್‌ಬಂದರ್ ರೋಡನ್ನು, ಅದು ಕಾರಿಗೆ ಒಪ್ಪಿಸಿಬಿಟ್ಟಿದೆ. ರೀಪ್ಯಾಕಿನ ಹುಡುಗರೂ ಗುಡ್ಡ ಹತ್ತಲು ಟ್ರಕ್ಕು ಹಿಡಿಯುತ್ತಿದ್ದರಲ್ಲ ಎಂದರೆ, ಡಬ್ಬಾವಾಲಾನೂ ನಡುವೆ ಲೋಕಲ್ಲಿನ ಲಗೇಜ್ ಡಬ್ಬಿ ಹತ್ತುತ್ತಾನೆ, ಅಲ್ಲಿಗೆ ಲೆಕ್ಕ ಚುಕ್ತಾ. ವ್ಯತ್ಯಾಸ ಇರುವುದು ಹೊರೆಯಲ್ಲಿ, ಹೊತ್ತಿನಲ್ಲಿ. ಹ್ಯಾಂಡಲಿಗೂ ಕ್ಯಾರಿಯರಿಗೂ ತೂಗುಹಾಕಿದ 30-40 ಡಬ್ಬಿಗಳ ಸಾರು ಚೆಲ್ಲದಂತೆ ಮಧ್ಯಾಹ್ನ ಒಂದರೊಳಗೆ ಮುಟ್ಟಿಸಿ, ಖಾಲಿ ಡಬ್ಬಿಗಳನ್ನು ಅದೇ ದಾರಿಯಲ್ಲಿ ಹಿಂದಕ್ಕೆ ತರಬೇಕು. ಇಳಿಯುವುದನ್ನಷ್ಟೇ ಎಣಿಸಿ ಪದಕ ಕೊಡುವ ಸ್ಪರ್ಧೆಗಳು ಈ ಕಟ್ಟಳೆಯ ಹತ್ತಿರವೂ ಸುಳಿದಿಲ್ಲ.

ಹೆಲ್ಮೆಟ್ ವಿಷಯ ಒಂದು ಉಳಿಯಿತು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹೆಲ್ಮೆಟ್ ಇಲ್ಲದೆ ಗೆರೆ ದಾಟಲು ಬಿಡುವುದಿಲ್ಲ. ಯೇವೂರಿನ ಸವಾರರು ಮೊಣಕಾಲು, ಮೊಣಕೈಗೂ ಕವಚ ತೊಟ್ಟಿರುತ್ತಾರೆ. ಡಬ್ಬಾವಾಲಾನ ತಲೆಯ ಮೇಲಿರುವುದು ಬಿಳಿ ಗಾಂಧಿ ಟೋಪಿ, ಪಾವ್‌ವಾಲಾನಿಗೆ ಅದೂ ಇಲ್ಲ. ಮೂಲಸ್ಥಾನದ ಸವಾರರು ಹೀಗೇಕೆ ಎಂಬ ಈ ಆಕ್ಷೇಪಕ್ಕೆ ಮೀಮಾಂಸಕರ ಆರೂ ಪ್ರಮಾಣಗಳನ್ನು ತಡಕಿದರೂ ಸಮಾಧಾನ ಸಿಕ್ಕುವುದಿಲ್ಲ. ಪೂರ್ವಪಕ್ಷದವರು ಇದನ್ನೊಂದು ಅಂಕವೆಂದು ಬರೆದುಕೊಳ್ಳಬಹುದು.