ಉಣಗೋಲು ದಾಟಿ ಏಪ್ರನ್ನಿಗೆ: ಕಾಫಿ ಸೀಮೆಯ ಖಾಸಗಿ ಪೈಲಟ್ಟರ ಕೈಪಿಡಿ

ಖಾಸಗಿ ಪೈಲಟ್ ಲೈಸೆನ್ಸ್ ಸಿಕ್ಕಿದ್ದಕ್ಕೆ ಅಭಿನಂದನೆಗಳು. ಬಳಸುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ, ಮನೆಯವರಿಗೂ ಓದಿ ಹೇಳಿ. ವಿಮಾನ ಹಾರಿಸುವುದು ಹೇಗೆಂದು ಇದರಲ್ಲಿಲ್ಲ. ಅದನ್ನು ಜಕ್ಕೂರಿನಲ್ಲೋ ಮತ್ತೆಲ್ಲೋ ಕಲಿತೇ ಬಂದಿದ್ದೀರಿ. ನಿಲ್ದಾಣದ ಗೇಟಿನಿಂದ ನಿಮ್ಮದೇ ವಿಮಾನ ನಿಂತ ಜಾಗದವರೆಗಿನ ಇನ್ನೂರು ಮಾರು ನಡೆಯುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ. ಸಾವಿರ ಅಡಿ ಮೇಲೇರಲು ನನಗೆ ಎರಡು ನಿಮಿಷ ಸಾಕು. ಈ ಇನ್ನೂರು ಮಾರಿಗೆ ಒಮ್ಮೆ ಎರಡೂವರೆ ಗಂಟೆ ಹಿಡಿದಿದೆ.

ಯಾರು ಬಳಸಬಹುದು

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ತೋಟವಿದ್ದು, ಹದಿನೇಳು ವರ್ಷ ತುಂಬಿ, ಹತ್ತನೇ ಕ್ಲಾಸು ಪಾಸಾಗಿ, ಎರಡನೇ ದರ್ಜೆಯ ಮೆಡಿಕಲ್ ದಾಟಿ, ಕನಿಷ್ಠ 40 ಗಂಟೆ ಹಾರಿದವರು. ಹಾರಿಸುವುದಕ್ಕೆ ಕೂಲಿ ತೆಗೆದುಕೊಳ್ಳುವಂತಿಲ್ಲ. ಕಾಫಿ ರೇಟು ಬಿದ್ದ ವರ್ಷಗಳಲ್ಲಿ ಬೆಳೆಗಾರರಿಗೆ ಇದು ಹೊಸ ಅನುಭವವೇನಲ್ಲ.

ವಿಮಾನ ಸ್ವಂತದ್ದೇ ಆಗಬೇಕೆಂದಿಲ್ಲ. ನಮ್ಮದು ನಾಲ್ವರು ಕೂಡಿ ಕೊಂಡ ಹಳೆಯ ಸೆಸ್ನಾ 172. ನಾಲ್ಕು ಸೀಟು, ನಾಲ್ಕು ಪಾಲು. ಅಣ್ಣತಮ್ಮಂದಿರು ತೋಟ ಹಿಸ್ಸೆ ಮಾಡಿಕೊಂಡ ಹಾಗೆ, ನನ್ನ ಭಾಗಕ್ಕೆ ಬಂದದ್ದು ಎಡರೆಕ್ಕೆ ಎಂದು ಉಳಿದ ಮೂವರು ಹೇಳುತ್ತಾರೆ. ರಿಪೇರಿ ಯಾವಾಗಲೂ ಎಡರೆಕ್ಕೆಗೇ ಬರುತ್ತದೆ.

ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಏರ್‌ಸ್ಟ್ರಿಪ್ ಆಗುತ್ತದೆಂಬ ಸುದ್ದಿ ಹೂಮಳೆಯ ಹಾಗೆ ಆಗಾಗ ಬರುತ್ತದೆ. ಹೂವರಳಿ ಕಾಯಿ ಕಟ್ಟುವುದರೊಳಗೆ ಮೋಡ ಬಯಲಾಗಿರುತ್ತದೆ. ಹಾಗಾಗಿ ಕಳಸದವರು ಘಟ್ಟ ಇಳಿದು ಮಂಗಳೂರಿನ ಬಜ್ಪೆಗೆ ಹೋಗಬೇಕು. 1951ರಲ್ಲಿ ನೆಹರೂ ಡಕೋಟಾದಲ್ಲಿ ಬಂದಿಳಿದ ಊರದು. ತರೀಕೆರೆ ಕಡೆಯವರಿಗೆ ಶಿವಮೊಗ್ಗದ ಸೋಗಾನೆ ಹತ್ತಿರ. 2023ರ ಫೆಬ್ರವರಿ 27ಕ್ಕೆ ಉದ್ಘಾಟನೆಯಾದ ಅಲ್ಲಿನ ರನ್‌ವೇ 3,200 ಮೀಟರ್. ನಮ್ಮ ಸೆಸ್ನಾ ಅದರ ಒಂದು ತುದಿಯಲ್ಲಿ ಇಳಿದರೆ ಉಳಿದ ರನ್‌ವೇ ಮುಗಿಸಲು ಬಸ್ಸಿಗೆ ಕಾಯಬೇಕು. ಮಿಕ್ಕವರೆಲ್ಲ ಬೆಂಗಳೂರು ದಾರಿ ಹಿಡಿಯುತ್ತೇವೆ. ಅರ್ಧ ಗಂಟೆ ಹಾರಲು ಇನ್ನೂರೈವತ್ತು ಕಿಲೋಮೀಟರ್ ಕಾರಿನಲ್ಲಿ ಹೋಗುವುದು ಹುಚ್ಚೆಂದು ಮನೆಯಲ್ಲಿ ಯಾರಾದರೂ ಹೇಳಿದರೆ ಎದುರು ಮಾತಾಡಬೇಡಿ.

ಪದಗಳ ಅರ್ಥ

ಮೊದಲು ಪದಗಳನ್ನು ಸರಿಮಾಡಿಕೊಳ್ಳದಿದ್ದರೆ ಊರಿನಲ್ಲಿ ಮಾನ ಹೋಗುತ್ತದೆ. ಒಂದು ಸಂಜೆ ಮೂಡಿಗೆರೆಯ ಹೋಟೆಲಿನಲ್ಲಿ ಫೋನಿನಲ್ಲಿ ಜೋರಾಗಿ, ‘ಎಡಿಸಿ ಇನ್ನೂ ಕೊಟ್ಟಿಲ್ಲ, ಚೆನ್ನೈ ಎಫ್‌ಐಆರ್ ಕಥೆ ನಂಗೊತ್ತಿಲ್ಲ’ ಅಂದೆ. ಮರುದಿನ ಬೆಳಗ್ಗೆ ಭಾವ ಗಾಬರಿಯಿಂದ ಮನೆಗೆ ಬಂದರು. ಅವರಿಗೆ ತಿಳಿದಂತೆ ಎಡಿಸಿ ಅಂದರೆ ಡಿಸಿ ಆಫೀಸಿನ ಅಪರ ಜಿಲ್ಲಾಧಿಕಾರಿ, ಒತ್ತುವರಿ ಫೈಲು ಹಿಡಿದು ಕೂತವರು. ಎಫ್‌ಐಆರ್ ಅಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ವಾಸ್ತವದಲ್ಲಿ ಎಡಿಸಿ ಎಂದರೆ ವಾಯು ರಕ್ಷಣೆಯವರು ಕೊಡುವ ಅನುಮತಿಯ ನಂಬರು. ರೇಡಾರಿನಲ್ಲಿ ಕಾಣುವ ಚುಕ್ಕಿ ನಮ್ಮ ಸೆಸ್ನಾವೋ ಶತ್ರುವೋ ಎಂಬುದು ವಾಯುಪಡೆಗೆ ಮೊದಲೇ ಗೊತ್ತಿರಬೇಕಲ್ಲ. ಎಫ್‌ಐಆರ್ ಎಂದರೆ ಆಕಾಶದ ಹೋಬಳಿ. ನಮ್ಮ ತಲೆಯ ಮೇಲಿನದು ಚೆನ್ನೈಗೆ ಸೇರಿದ್ದು. ನೋಟಮ್ ಎಂದರೆ ಎಲ್ಲಿ ರನ್‌ವೇ ಮುಚ್ಚಿದೆ, ಎಲ್ಲಿ ಹಾರುವಂತಿಲ್ಲ ಎಂಬ ಎಚ್ಚರಿಕೆ. ಇದನ್ನು ನಮ್ಮವರಿಗೆ ವಿವರಿಸುವುದು ಸುಲಭ. ‘ಒಂಟಿ ಸಲಗ ಹಳ್ಳದ ಆಚೆ ಇದೆ, ಬೆಳಗ್ಗೆ ಯಾರೂ ಕೆಲಸಕ್ಕೆ ಇಳಿಯಬೇಡಿ’ ಎಂದು ನಸುಕಿನಲ್ಲಿ ವಾಟ್ಸಾಪಿಗೆ ಬರುತ್ತದಲ್ಲ, ಅದೇ. ನಮ್ಮ ನೋಟಮ್ ಮಾತ್ರ ಹೊರಡಿಸಿದ ಮೇಲೂ ನಡೆದುಕೊಂಡು ಬೇರೆ ತೋಟಕ್ಕೆ ಹೋಗುತ್ತದೆ.

ಕೊನೆಯದಾಗಿ ಏಪ್ರನ್, ಕೆಲವರ ಬಾಯಲ್ಲಿ ರ‍್ಯಾಂಪ್. ಅಡುಗೆಯವರು ಸೊಂಟಕ್ಕೆ ಕಟ್ಟಿಕೊಳ್ಳುವುದಲ್ಲ. ವಿಮಾನ ನಿಲ್ಲಿಸುವ, ಎಣ್ಣೆ ತುಂಬುವ, ಜನ ಹತ್ತಿಸುವ ಕಾಂಕ್ರೀಟು ಬಯಲು. ನಮ್ಮ ಲೆಕ್ಕದಲ್ಲಿ ವಿಮಾನದ ಕಣ. ಕಾಫಿ ಹರಡಿದ ಕಣಕ್ಕೆ ಚಪ್ಪಲಿ ಹಾಕಿಕೊಂಡು ಬಂದವನನ್ನು ರೈಟರು ಹೇಗೆ ನೋಡುತ್ತಾರೋ, ಪಾಸಿಲ್ಲದೆ ಏಪ್ರನ್ನಿಗೆ ಕಾಲಿಟ್ಟವನನ್ನು ಹಾಗೆಯೇ ನೋಡುತ್ತಾರೆ.

ಪಾಸು ಮಾಡಿಸುವ ವಿಧಾನ

ಲೈಸೆನ್ಸ್ ಇದ್ದರೆ ಹಾರಬಹುದು, ಗೇಟು ದಾಟಲಾಗದು. ಗೇಟಿಗೆ ಬೇರೆ ಪಾಸು ಬೇಕು. ಅದರ ನಿಯಮಗಳು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ್ದು. ನಿಲ್ದಾಣದ ಯಾವ ಭಾಗಕ್ಕೆ ನಿಮಗೆ ಪ್ರವೇಶ ಎಂಬುದನ್ನು ಪಾಸಿನ ಮೇಲೆ ಒಂದೊಂದು ಅಕ್ಷರದಲ್ಲಿ ಬರೆದಿರುತ್ತಾರೆ. ನಿಮ್ಮ ಅಕ್ಷರ ಬಿಟ್ಟು ಪಕ್ಕದ ಬಾಗಿಲಿಗೆ ಹೋದರೆ ನೀವು ಪೈಲಟ್ ಅಲ್ಲ, ಆಗಂತುಕ.

ಪಾಸಿಗೆ ಮೊದಲು ಪೊಲೀಸ್ ವಿಚಾರಣೆಯಾಗಬೇಕು. ಜುಲೈ ತಿಂಗಳ ಮಳೆಯಲ್ಲಿ ಕಾನ್‌ಸ್ಟೆಬಲ್ ಒಬ್ಬರು ಬೈಕಿನಲ್ಲಿ ಬಂದರು. ಉಣಗೋಲಿನ ಗಳು ಸರಿಸಿ ಒಳಬಂದು, ರೈನ್‌ಕೋಟು ಕೊಡವಿ, ಪ್ಯಾಂಟು ಮೊಣಕಾಲಿಗೇರಿಸಿ ಇಂಬಳ ಕಿತ್ತು, ಕಾಫಿ ಕುಡಿದು, ಆಮೇಲೆ ನನ್ನ ನಡತೆ ವಿಚಾರಿಸಲು ಪಕ್ಕದ ತೋಟಕ್ಕೆ ಹೋದರು. ಆ ತೋಟದವರಿಗೂ ನನಗೂ ಗಡಿಯ ಸಿಲ್ವರ್ ಓಕ್ ಮರವೊಂದರ ಸಲುವಾಗಿ ಆರು ವರ್ಷದಿಂದ ಮಾತಿಲ್ಲ.

‘ಗೌಡ್ರು ಬೇಲಿ ಹಾರೋದು ನೋಡಿದೀನಿ. ವಿಮಾನ ಹಾರ್ಸೋದು ನಂಗೊತ್ತಿಲ್ಲ’ ಅಂದರಂತೆ ಪುಣ್ಯಾತ್ಮರು.

ಕಾನ್‌ಸ್ಟೆಬಲ್ ಒಳ್ಳೆಯವರು. ‘ಹಾರಿಸುತ್ತಾರೆ’ ಎಂದಷ್ಟೇ ಬರೆದುಕೊಂಡರು. ಸೂಚನೆ: ಅರ್ಜಿ ಹಾಕುವುದಕ್ಕೆ ಮೊದಲು ಗಡಿ ತಕರಾರು ಬಗೆಹರಿಸಿಕೊಳ್ಳಿ.

ಹಿಂದಿನ ರಾತ್ರಿ

ಹಾರುವುದಕ್ಕೆ ಮುಂಚಿನ 12 ಗಂಟೆ ಮದ್ಯ ಮುಟ್ಟುವಂತಿಲ್ಲ. ಉಸಿರು ಪರೀಕ್ಷೆಯ ಯಂತ್ರದಲ್ಲಿ ಸೊನ್ನೆಯೇ ಬರಬೇಕು. ಬಗನಿ ಕಳ್ಳು ಮರದಿಂದ ಈಗಷ್ಟೇ ಇಳಿದದ್ದು, ಸಿಹಿ ಇದೆ, ಹುಳಿಯೇ ಬಂದಿಲ್ಲ ಎಂಬ ವಾದವನ್ನು ಯಂತ್ರ ಒಪ್ಪುವುದಿಲ್ಲ. ಅತ್ತೆ ಮಾಡಿದ ಶುಂಠಿ ವೈನು ಔಷಧಿ ಎಂಬುದನ್ನೂ ಒಪ್ಪುವುದಿಲ್ಲ.

ಜೇಬು ಖಾಲಿ ಮಾಡುವ ವಿಧಾನ

ಈ ಭಾಗವನ್ನು ಎರಡು ಸಲ ಓದಿ.

ತೋಟದವರ ಜಾಕೆಟ್ ಎಂಬುದು ಉಡುಪಲ್ಲ, ಉಗ್ರಾಣ. ನನ್ನದನ್ನು ಗೇಟಿನ ತಪಾಸಣೆಯ ಮೇಜಿನ ಮೇಲೆ ಕೊಡವಿದಾಗ ಬಿದ್ದದ್ದು: ಚಿಗುರು ತೆಗೆಯುವ ಸಣ್ಣ ಕತ್ತಿ, ಸ್ಪ್ರಿಂಕ್ಲರಿನ ಹಿತ್ತಾಳೆ ನಾಝಲ್ ಒಂದು, ಇಂಬಳಕ್ಕೆಂದು ಬಟ್ಟೆಯಲ್ಲಿ ಕಟ್ಟಿದ ಉಪ್ಪು ಮತ್ತು ಹೊಗೆಸೊಪ್ಪಿನ ಪುಡಿ, ಮಂಗಗಳಿಗೆಂದು ತಂದು ಮರೆತ ಪಟಾಕಿಯ ಬತ್ತಿ. ಪುಡಿಯ ಗಂಟನ್ನು ಬಿಚ್ಚಿ ಮೂಸಿದ ಜವಾನನಿಗೆ ಮೂರು ಸೀನು ಬಂದವು. ಅಷ್ಟಾದರೂ ಸುಧಾರಿಸುತ್ತಿತ್ತು. ಒಳಜೇಬಿನಿಂದ ಕೊನೆಗೆ ಉರುಳಿತು ನೋಡಿ, ಹನ್ನೆರಡು ಬೋರಿನದು, ಕೆಂಪು ಪ್ಲಾಸ್ಟಿಕ್ ಮೈ, ಹಿತ್ತಾಳೆ ಬುಡ. ಹೊಡೆದು ಖಾಲಿಯಾದದ್ದು. ಬುಡದಲ್ಲಿ ಸೂಜಿ ಕುಟ್ಟಿದ ಗುಳಿ ಸ್ಪಷ್ಟವಾಗಿತ್ತು. ಆದರೂ ಅದು ಅದೇ.

ಜವಾನ ಕೊಪ್ಪಳದ ಕಡೆಯ ಹುಡುಗ. ‘ಏನ್ರೀ ಸರ್ ಇದು?’

‘ತೋಟೆ.’

‘ನಿಮ್ ತ್ವಾಟಾ ಎಲ್ಲೈತಿ ಅಂತ ಕೇಳಿಲ್ರೀ ನಾ. ಇದೇನಂತ ಕೇಳೀನಿ.’

‘ತೋಟೆ ಮಾರಾಯ್ರೆ, ತೋಟೆ. ತೋಟೇದು ಕೋವಿ ಇರುತ್ತಲ್ಲ ತೋಟದಲ್ಲಿ.’

ಮೇಲಧಿಕಾರಿ ಬಂದರು. ಅವರಿಗೆ ಕನ್ನಡ ಬಾರದು. ಕೊಪ್ಪಳದ ಹುಡುಗ ನನ್ನ ತೋಟೆಯನ್ನೂ ತೋಟವನ್ನೂ ಹಿಂದಿಗೆ ಅನುವಾದಿಸಿದ. ಅನುವಾದದಲ್ಲಿ ನಾನು ತೋಟದಲ್ಲಿ ತೋಟೆ ಬೆಳೆಯುವವನಾದೆ. ಕೋವಿ ಲೈಸೆನ್ಸಿನ ಫೋಟೋವನ್ನು ಮನೆಯಿಂದ ಕಳಿಸಬೇಕಾಯಿತು. ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಪಲ್ಪರ್ ಹೌಸಿನ ಮೇಲಿನ ಬಂಡೆಯ ಹತ್ತಿರ ಮಾತ್ರ. ಹೆಂಡತಿ ಛತ್ರಿ ಹಿಡಿದು ಬಂಡೆ ಹತ್ತಿದಳು. ಮೊದಲು ಹೇಳಿದ ಎರಡೂವರೆ ಗಂಟೆ ಇದೇ. ಎಡಿಸಿ ನಂಬರಿನ ಹೊತ್ತು ಮೀರಿತು, ಆ ದಿನ ಹಾರಲಿಲ್ಲ.

ಕೋವಿಯನ್ನು ಚುನಾವಣೆ ಬಂತೆಂದು ಠಾಣೆಗೆ ಒಪ್ಪಿಸಿ ರಸೀದಿ ಪಡೆದು ಎರಡು ತಿಂಗಳಾಗಿತ್ತು. ಕೋವಿ ಸರ್ಕಾರದ ವಶ, ತೋಟೆ ನನ್ನ ಜೇಬಿನಲ್ಲಿ. ಆ ಹುಡುಗನ ಮೇಲೆ ಈಗ ಸಿಟ್ಟಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಮೂರು ಗಂಟೆ ಕೂರಿಸುತ್ತಿದ್ದೆ.

‘ಇಷ್ಟೆಲ್ಲ ಯಾಕೆ’ ಎಂದು ಕೇಳುವವರಿಗೆ

ಚಿಕ್ಕಮಗಳೂರಿನವರು ಈ ಪ್ರಶ್ನೆ ಕೇಳಬಾರದು. ನಿಲ್ದಾಣವಿಲ್ಲದಿದ್ದರೂ ನಿಷೇಧಿತ ವಸ್ತುಗಳ ಪಟ್ಟಿಯ ಕಥೆಯಲ್ಲಿ ನಮ್ಮ ಜಿಲ್ಲೆಯ ಹೆಸರಿದೆ.

1976ರ ಸೆಪ್ಟೆಂಬರಿನಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದರ ಅಪಹರಣವಾಯಿತು. ಅದರ ಬೆನ್ನಿಗೆ ನೇಮಕವಾದ ಪಾಂಡೆ ಸಮಿತಿಯ ಶಿಫಾರಸಿನಂತೆ 1978ರ ಜನವರಿಯಲ್ಲಿ ದೆಹಲಿಯಲ್ಲಿ ವಿಮಾನ ಭದ್ರತೆಗೆಂದೇ ಒಂದು ಸಣ್ಣ ಘಟಕ ಶುರುವಾಯಿತು. ಅದೇ ವರ್ಷ ನಮ್ಮ ಮೂಡಿಗೆರೆ ತಾಲೂಕಿನ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು ಲೋಕಸಭಾ ಸ್ಥಾನ ಬಿಟ್ಟುಕೊಟ್ಟರು. ನವೆಂಬರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಇಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿದರು. ಡಿಸೆಂಬರ್ 19ರಂದು ಲೋಕಸಭೆ ಅವರನ್ನು ಸದಸ್ಯತ್ವದಿಂದ ಹೊರಹಾಕಿ ಜೈಲಿಗೆ ಕಳಿಸಿತು. ನಾವು ಕಳಿಸಿಕೊಟ್ಟ ಸಂಸದರು ಒಂದೂವರೆ ತಿಂಗಳೂ ಕುರ್ಚಿಯಲ್ಲಿ ಕೂರಲಿಲ್ಲ. ಮರುದಿನವೇ ಲಖನೌದಿಂದ ದೆಹಲಿಗೆ ಹೊರಟಿದ್ದ ವಿಮಾನದಲ್ಲಿ ಇಬ್ಬರು ಯುವಕರು ಎದ್ದು ನಿಂತು, ಇಂದಿರಾರನ್ನು ಬಿಡುಗಡೆ ಮಾಡಿ ಎಂದು ವಿಮಾನವನ್ನು ವಾರಾಣಸಿಗೆ ಇಳಿಸಿದರು. ಕೈಯಲ್ಲಿದ್ದದ್ದು ಆಟಿಕೆ ಪಿಸ್ತೂಲು. ಅವರ ಹೆಸರು ಭೋಲಾನಾಥ ಪಾಂಡೆ, ದೇವೇಂದ್ರ ಪಾಂಡೆ. ಪಾಂಡೆ ಸಮಿತಿ ಹುಟ್ಟುಹಾಕಿದ ಘಟಕಕ್ಕೆ ವರ್ಷ ತುಂಬುವ ಮೊದಲೇ ಪರೀಕ್ಷೆ ಇಟ್ಟವರೂ ಪಾಂಡೆಗಳೇ. 1980ರಲ್ಲಿ ಇಬ್ಬರೂ ಉತ್ತರ ಪ್ರದೇಶದಲ್ಲಿ ಶಾಸಕರಾದರು.

ಆಮೇಲೆ 1985ರ ಜೂನಿನಲ್ಲಿ ಕನಿಷ್ಕ ವಿಮಾನ ಆಕಾಶದಲ್ಲೇ ಸ್ಫೋಟಗೊಂಡಿತು; ಅದರಲ್ಲಿ ತಮಾಷೆಯದೇನೂ ಇಲ್ಲ. ಘಟಕ 1987ರ ಏಪ್ರಿಲ್ 1ರಿಂದ ಸ್ವತಂತ್ರ ಇಲಾಖೆಯಾಯಿತು; ಪಾಸಿನ ನಿಯಮ ಮಾಡುವ ಭದ್ರತಾ ಬ್ಯೂರೋ ಅದೇ. 1999ರ ಕಂದಹಾರ್ ವಿಮಾನ ಅಪಹರಣದ ನಂತರ ಗೇಟುಗಳಿಗೆ ಸಿಐಎಸ್‌ಎಫ್ ಬಂತು. ಆಟಿಕೆ ಪಿಸ್ತೂಲು ಇವತ್ತಿಗೂ ಕೈಚೀಲದಲ್ಲಿ ನಿಷಿದ್ಧ. ಮೊಮ್ಮಗನ ಚೀಲದಿಂದ ಅದನ್ನು ತೆಗೆದಿಡುವಾಗ ಅವನು ಅತ್ತರೆ, ಇದಕ್ಕೆ ನಮ್ಮೂರಿನ ಓಟೂ ಸ್ವಲ್ಪ ಕಾರಣ ಮಗಾ ಎಂದು ಹೇಳಿ ನೋಡಿ.

ಏಪ್ರನ್ನಿನ ಮೇಲೆ

ಮಿನುಗುವ ಜಾಕೆಟ್ ಹಾಕಿ. ಪಾಸು ಎದೆಯ ಮೇಲೆ ಕಾಣುವಂತಿರಲಿ. ಗೆರೆಯೊಳಗೇ ನಡೆಯಿರಿ, ತೋಟದಲ್ಲಿ ಮಾಡುವಂತೆ ಒಳದಾರಿ ಹಿಡಿಯಬೇಡಿ. ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ಕಾಣುವುದಿಲ್ಲ. ಈ ಕೈಪಿಡಿಯಲ್ಲಿ ತಮಾಷೆಯಿಲ್ಲದೆ ಹೇಳುವ ಇನ್ನೊಂದು ವಾಕ್ಯ: ಎಂಜಿನ್ ನಿಂತಿದ್ದರೂ ಅದರ ಮುಂದೆ ಹಾಯಬೇಡಿ.

ಫೋಟೋ ತೆಗೆಯಲು ಅನುಮತಿ ಬೇಕು. ವಿಮಾನದ ಪಕ್ಕ ನಿಂತ ಫೋಟೋ ಇಲ್ಲದೆ ನಂಟರು ನಂಬುವುದಿಲ್ಲ, ನಿಜ. ನನ್ನ ಭಾವ ಈಗಲೂ ನಾನು ಬೆಂಗಳೂರಿಗೆ ಬೇರೇನೋ ಕೆಲಸಕ್ಕೆ ಹೋಗುತ್ತೇನೆಂದೇ ತಿಳಿದಿದ್ದಾರೆ. ಬೇಲಿಯ ಮಾತು ಅವರ ಕಿವಿಗೂ ಬಿದ್ದಿದೆ.

ಹೆಲಿಕಾಪ್ಟರ್ ಇದ್ದವರಿಗೆ

ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಬೇಸಾಯದಿಂದ ಹೆಲಿಕಾಪ್ಟರಿಗೆ ಹೋದವರು. ಆ ಧೈರ್ಯ ಇದ್ದರೆ ನೀವೂ ಹೋಗಿ. ಆದರೆ ನಮ್ಮ ತೋಟದಲ್ಲೇ ಇಳಿದರಾಯಿತು, ಪಾಸಿನ ರಗಳೆಯೇ ಇಲ್ಲ ಎಂದುಕೊಳ್ಳಬೇಡಿ. ಜಿಲ್ಲಾಡಳಿತಕ್ಕೆ, ಪೊಲೀಸರಿಗೆ ತಿಳಿಸಬೇಕು. ಜಾಗ ತಕ್ಕದ್ದೋ ಅಲ್ಲವೋ ಎಂಬ ಹೊಣೆ ಹಾರಿಸುವವರ ತಲೆಯ ಮೇಲೇ. ಸಿಲ್ವರ್ ಓಕ್ ನಡುವೆ ತಕ್ಕ ಜಾಗ ಸಿಗುವುದು ಒಂದೇ, ಕಾಫಿ ಕಣ. ಕೊಯ್ಲಿನ ಕೊನೆಯಲ್ಲಿ ಒಮ್ಮೆ ಪರಿಚಯದವರ ಕಣದ ಪಕ್ಕದ ಗದ್ದೆಯಲ್ಲಿ ಯಾರೋ ದೊಡ್ಡವರು ಬಂದಿಳಿದರು. ಸುಣ್ಣದಲ್ಲಿ ಬರೆದ ಎಚ್ ಅಕ್ಷರ ಮೊದಲು ಹಾರಿತು. ಆಮೇಲೆ ಟಾರ್ಪಾಲು. ಅದರ ಹಿಂದೆ ನಾಲ್ಕು ದಿನ ಒಣಗಿದ ರೊಬಸ್ಟಾ ಚೆರಿ, ಆಲಿಕಲ್ಲಿನ ಹಾಗೆ ಲೈನ್ ಮನೆಗಳ ಹೆಂಚಿನ ಮೇಲೆ ಸುರಿಯಿತು. ಹಾರ ಹಿಡಿದು ನಿಂತಿದ್ದ ಯಜಮಾನರು ಹಾರ ಕೆಳಗಿಟ್ಟು ಪೊರಕೆ ಹಿಡಿದರು.

ಬಳಸಿದ ನಂತರ ಇಡುವ ವಿಧಾನ

ಪಾಸನ್ನು ಒಣಗಿದ ಜಾಗದಲ್ಲಿಡಿ ಎಂದು ಅದರ ಹಿಂದೆ ಬರೆದಿಲ್ಲ, ಬರೆಯಬೇಕಿತ್ತು. ಜೂನಿನಿಂದ ಸೆಪ್ಟೆಂಬರಿನವರೆಗೆ ಕಳಸದಲ್ಲಿ ಒಣಗಿದ ಜಾಗ ಎಂಬುದಿಲ್ಲ. ಬೀರುವಿನಲ್ಲಿಟ್ಟ ನನ್ನ ಪಾಸಿಗೆ ಬೂಷ್ಟು ಹಿಡಿದು ಫೋಟೋದಲ್ಲಿ ಬಿಳಿ ಗಡ್ಡ ಬಂದಿತ್ತು. ಗೇಟಿನವರು ಕಾರ್ಡು ನೋಡಿದರು, ನನ್ನನ್ನು ನೋಡಿದರು, ‘ತಂದೆಯವರ ಪಾಸು ನಡೆಯಲ್ಲ’ ಅಂದರು. ಈಗ ಅಕ್ಕಿ ಡಬ್ಬದಲ್ಲಿ ಹೂತಿಡುತ್ತೇನೆ. ಡಬ್ಬದಲ್ಲಿ ಇಟ್ಟಿರುವುದನ್ನು ಮನೆಯವರಿಗೆ ಮೊದಲೇ ಹೇಳಿ. ಕಳೆದ ಆಗಸ್ಟಿನಲ್ಲಿ ನಾನು ಹೇಳಿರಲಿಲ್ಲ. ಪಾಸು ಕುಕ್ಕರಿನಲ್ಲಿ ಮೂರು ವಿಸಿಲ್ ಕೂಗಿಸಿಕೊಂಡು ಬಂತು.