ಬಾನೆಟ್ ಅಂಕಲ್

ಬೆಂಗಳೂರಿನ ಬಾಪೂಜಿ ನಗರದಲ್ಲಿ ಯಾರಾದರೂ ಏಳು ಸೀಟಿನ ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವ ಮನಸ್ಸು ಮಾಡಿದರೆ ಮೊದಲು ಬ್ಯಾಂಕಿಗೆ ಹೋಗುವುದಿಲ್ಲ, ಬಾನೆಟ್ ಅಂಕಲ್ ಮನೆಗೆ ಹೋಗುತ್ತಾರೆ. ಸಾಲ ಯಾರಾದರೂ ಕೊಟ್ಟಾರು. ‘ಈ ಗಾಡಿ ಬೇಡ’ ಎನ್ನುವ ಅಧಿಕಾರ ಇರುವುದು ಅವರೊಬ್ಬರಿಗೇ. ವಿಜಯನಗರದಲ್ಲೊಬ್ಬರು, ಬಸವೇಶ್ವರನಗರದಲ್ಲೊಬ್ಬರು, ಕೆಂಗೇರಿ ಉಪನಗರದಲ್ಲಿ ಇಬ್ಬರು, ಹೀಗೆ ಇಂಥವರು ಎಲ್ಲ ಕಡೆ ಇರುತ್ತಾರೆ. ನಾನು ಹೇಳುತ್ತಿರುವುದು ನಮ್ಮವರ ವಿಷಯ.

ಗಾಡಿ ಮಾರುವವರು ಸಾಮಾನ್ಯವಾಗಿ ಬಾಗಿಲು ತೆಗೆದು ಮೊದಲು ಸೀಟ್ ಕವರ್ ತೋರಿಸುತ್ತಾರೆ. ಆಮೇಲೆ ಟಚ್‌ಸ್ಕ್ರೀನು, ಆಮೇಲೆ ರಿವರ್ಸ್ ಕ್ಯಾಮೆರಾ. ಅಂಕಲ್ ಅದ್ಯಾವುದನ್ನೂ ನೋಡುವುದಿಲ್ಲ. ಕೈಯನ್ನು ಹಿಂದೆ ಕಟ್ಟಿಕೊಂಡು ಗಾಡಿಯ ಮುಂದೆ ನಿಂತು, “ಬಾನೆಟ್ ಎತ್ತಿ” ಎನ್ನುತ್ತಾರೆ. ಆ ದನಿಗೆ ಗಾಬರಿಯಾಗಿ, ತಾನೇ ಐದು ವರ್ಷ ಓಡಿಸಿದ ಗಾಡಿಯ ಲಿವರ್ ಎಲ್ಲಿದೆಯೆಂದು ಮರೆತು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದವರಿದ್ದಾರೆ.

ಅಂಕಲ್ ರಿಟೈರ್ ಆದದ್ದು ಮೈಸೂರು ರಸ್ತೆಯ ಕವಿಕಾದಿಂದ. ಕರ್ನಾಟಕ ವಿದ್ಯುತ್ ಕಾರ್ಖಾನೆಯೆಂದರೆ ಟ್ರಾನ್ಸ್‌ಫಾರ್ಮರ್, ಟ್ರಾನ್ಸ್‌ಫಾರ್ಮರ್ ಎಂದರೆ ಎಣ್ಣೆ. ಆ ಎಣ್ಣೆಯಲ್ಲಿ ಒಂದಿಷ್ಟು ನೀರಿನ ಪಸೆ ಸೇರಿದರೂ ವಿದ್ಯುತ್ತನ್ನು ತಡೆಯುವ ಅದರ ಶಕ್ತಿ ಇಳಿದುಹೋಗುತ್ತದೆ. ಹಾಗಾಗಿ ಪರೀಕ್ಷೆ ಮಾಡದೆ ಎಣ್ಣೆಯನ್ನು ನಂಬುವಂತಿಲ್ಲ. ಸರ್ವಿಸೆಲ್ಲ ಎಣ್ಣೆಯ ಮೇಲೆ ಅನುಮಾನಪಟ್ಟೇ ಸಂಬಳ ತಗೊಂಡ ಮನುಷ್ಯ, ಪಿಂಚಣಿ ಬರುವಾಗ ಸುಮ್ಮನಿರು ಎಂದರೆ ಹೇಗಿದ್ದಾನು? ಈಗ ಇಂಜಿನ್ನಿನ ಡಿಪ್‌ಸ್ಟಿಕ್ ಎಳೆದು, ಹಳೇ ಬನಿಯನ್ ಬಟ್ಟೆಗೆ ಒರೆಸಿ, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಾರೆ. ಅವರು ಕಣ್ಣು ಮುಚ್ಚಿದಷ್ಟು ಹೊತ್ತು ಮಾರುವವನ ಉಸಿರು ನಿಂತಿರುತ್ತದೆ.

ಅಂಕಲ್ ಕೈಯಲ್ಲಿ ಸದಾ ಒಂದು ರೆಕ್ಸಿನ್ ಚೀಲ. ಅದರಲ್ಲಿ ಈ ಬನಿಯನ್ ಬಟ್ಟೆ, ಒಂದು ಟಾರ್ಚು, ಟೈರಿನ ಗೀರಿನ ಆಳ ನೋಡಲು ಒಂದು ರೂಪಾಯಿ ನಾಣ್ಯ, ಮತ್ತೆ ಕರವಸ್ತ್ರದಲ್ಲಿ ಸುತ್ತಿದ ಒಂದು ಅಯಸ್ಕಾಂತ. ಬಾಗಿಲು, ಫೆಂಡರ್, ಡಿಕ್ಕಿ ಎಲ್ಲದರ ಮೇಲೂ ಅಯಸ್ಕಾಂತ ಇಟ್ಟು ನೋಡುತ್ತಾರೆ. ತಗಡಾದರೆ ಕಚ್ಚುತ್ತದೆ. ಎಲ್ಲಿ ಗುದ್ದಿಸಿ, ಟಿಂಕರಿಂಗ್ ಮಾಡಿ, ಪುಟ್ಟಿ ಬಳಿದು ಪೇಂಟ್ ಹೊಡೆದಿದ್ದಾರೋ ಅಲ್ಲಿ ಜಾರುತ್ತದೆ. ಒಮ್ಮೆ ಬಂಪರಿನ ಮೇಲಿಟ್ಟು ಜಾರಿದಾಗ “ಪೂರ್ತಿ ಪುಟ್ಟಿ!” ಎಂದು ಘೋಷಿಸಿಬಿಟ್ಟರು. ಬಂಪರ್ ಪ್ಲಾಸ್ಟಿಕ್ಕಿನದು ಸಾರ್ ಎಂದು ಬ್ರೋಕರ್ ಮೆಲ್ಲಗೆ ಹೇಳಿದ. “ಅದನ್ನೇ ನಾನೂ ಹೇಳಿದ್ದು, ತಗಡು ಇಲ್ಲ ಅಂತ” ಎಂದು ಮುಂದಿನ ಬಾಗಿಲಿಗೆ ಹೋದರು.

ಹಾಗಂತ ಅವರ ವಿದ್ಯೆ ಸುಳ್ಳಲ್ಲ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ, 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಇದನ್ನು ನಮ್ಮ ಬೀದಿಗೆ ಕಲಿಸಿದವರೇ ಅವರು. ಬಾನೆಟ್ಟಿನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಆಡಿ ಪೇಂಟ್ ಕಿತ್ತಿದ್ದರೆ ಅದನ್ನು ಯಾರೋ ಬಿಚ್ಚಿದ್ದಾರೆ. ಯಾಕೆ ಬಿಚ್ಚಿದರು? ಮೀಟರಿನಲ್ಲಿ 42 ಸಾವಿರ ಕಿಲೋಮೀಟರ್ ತೋರಿಸುತ್ತಿದೆ, ಕ್ಲಚ್ ಪೆಡಲಿನ ರಬ್ಬರ್ ಮಾತ್ರ ಕನ್ನಡಿಯ ಹಾಗೆ ನುಣುಪಾಗಿದೆ. “ಮೀಟರ್‌ನ ಲ್ಯಾಪ್‌ಟಾಪ್ ಹಾಕಿ ತಿರುಗಿಸ್ಬೋದು ಕಣಯ್ಯಾ. ರಬ್ಬರ್‌ನ ತಿರುಗ್ಸು ನೋಡೋಣ” ಎನ್ನುತ್ತಾರೆ. ಟ್ಯಾಕ್ಸಿಯಾಗಿದ್ದ ಗಾಡಿಯನ್ನು ಬಿಳಿ ಬೋರ್ಡಿಗೆ ಬದಲಾಯಿಸಿ, ‘ಲೇಡಿ ಡಾಕ್ಟರ್ ಯೂಸ್ಡ್’ ಎಂದು ತಂದವನ ಎದುರಿಗೇ ನಂಬರ್ ಪ್ಲೇಟಿನ ಸ್ಕ್ರೂ ಹಿಂದೆ ಅಂಟಿಕೊಂಡಿದ್ದ ಹಳದಿ ಬಣ್ಣದ ಚೂರನ್ನು ಉಗುರಲ್ಲಿ ಎಬ್ಬಿಸಿ ಅಂಗೈ ಮೇಲಿಟ್ಟು ತೋರಿಸಿದ್ದು ಇಲ್ಲಿ ಈಗಲೂ ಮಾತಾಗುತ್ತದೆ.

ಅವರಿಗೆ ಏಳು ಸೀಟು ಎಂದರೆ ಬಿಡದಿ. ಅಲ್ಲಿನ ಟೊಯೊಟಾ ಕಾರ್ಖಾನೆ ಇದೇ ಮೈಸೂರು ರಸ್ತೆಯಲ್ಲಿ ಇಪ್ಪತ್ತೈದು ಕಿಲೋಮೀಟರ್ ಆಸುಪಾಸಿನಲ್ಲಿ ಇರುವುದರಿಂದ ಅದರ ಮೇಲೆ ಅವರಿಗೊಂದು ಊರಿನ ಹಕ್ಕು. 2000ದಲ್ಲಿ ಕ್ವಾಲಿಸ್ ಬಂತು, 2005ರಲ್ಲಿ ಅದು ನಿಂತು ಇನ್ನೋವಾ ಬಂತು, 2016ರಲ್ಲಿ ಕ್ರಿಸ್ಟಾ. ಈ ಮೂರನ್ನೂ ತಮ್ಮ ಮನೆ ಮುಂದೆಯೇ ಹುಟ್ಟಿದ ಮಕ್ಕಳೆಂಬಂತೆ ವರ್ಣಿಸುತ್ತಾರೆ. ಕ್ವಾಲಿಸ್ ನಿಂತದ್ದಕ್ಕೆ ಇನ್ನೂ ಬೇಸರವಿದೆ. ಟವೇರಾ, ಝೈಲೊ, ಎರ್ಟಿಗಾ ಎಲ್ಲವೂ ಅವರ ದೃಷ್ಟಿಯಲ್ಲಿ ಆಮೇಲೆ ಬಂದ ನೆಂಟರು. ಕ್ರಾಸೋವರ್ ಎಂದರಂತೂ ಮೂಗು ಮುರಿಯುತ್ತಾರೆ. “ಈ ಕಡೆ ಜೀಪೂ ಅಲ್ಲ, ಆ ಕಡೆ ವ್ಯಾನೂ ಅಲ್ಲ.”

2022ರ ಸೆಪ್ಟೆಂಬರಿನ ಮಳೆಗೆ ಹೊರವರ್ತುಲ ರಸ್ತೆಯ ಆಚೆಯ ಬಡಾವಣೆಗಳು ಮುಳುಗಿ, ಲಕ್ಷಾಂತರ ಬೆಲೆಯ ಕಾರುಗಳು ನೀರಲ್ಲಿ ನಿಂತದ್ದನ್ನು ಟಿವಿಯಲ್ಲಿ ನೋಡಿದ ದಿನದಿಂದ ಅವರ ಪರೀಕ್ಷೆಗೆ ಇನ್ನೊಂದು ಅಧ್ಯಾಯ ಸೇರಿತು. ಸೀಟ್ ಬೆಲ್ಟನ್ನು ಕೊನೆಯ ಗೇಣಿನವರೆಗೂ ಎಳೆಯುತ್ತಾರೆ. ಗಾಡಿ ತೊಳೆಯುವವರು ಎಲ್ಲ ತೊಳೆಯುತ್ತಾರೆ, ಸುರುಳಿಯ ಒಳಗಿರುವ ಬೆಲ್ಟ್ ತೊಳೆಯಲು ಮರೆಯುತ್ತಾರೆ. ಅಲ್ಲಿ ಕೆಸರಿನ ಗೆರೆ ಸಿಕ್ಕಿದರೆ ಮುಗಿಯಿತು. ಕಾರ್ಪೆಟ್ ಎತ್ತಿ ಸೀಟಿನ ಕಂಬಿಯ ತುಕ್ಕು ನೋಡುತ್ತಾರೆ, ಸ್ಟೆಪ್ನಿ ತೆಗೆಸಿ ಅದರ ಗುಂಡಿಯಲ್ಲಿ ಟಾರ್ಚ್ ಬಿಡುತ್ತಾರೆ. ಆ ಕಡೆಯ ಕೆಎ-03, ಕೆಎ-53 ನಂಬರಿನ ಗಾಡಿ ಎಂದರೆ ದೂರದಿಂದಲೇ ಮೂಸುತ್ತಾರೆ. ನಮ್ಮ ವೃಷಭಾವತಿಯೂ ಉಕ್ಕುತ್ತದಲ್ಲ ಅಂಕಲ್, ನಮ್ಮ ಕಡೆ ಗಾಡಿಯೂ ಮುಳುಗಿರಬಹುದಲ್ಲ ಎಂದು ಹುಡುಗನೊಬ್ಬ ಕೇಳಿದ. “ಅದು ಬರುತ್ತೆ, ಹೋಗುತ್ತೆ. ನಿಲ್ಲಲ್ಲ” ಎಂದರು. ಮೋರಿಯಾದರೇನು, ನಮ್ಮ ಕಡೆಯದಲ್ಲವೇ!

ಇನ್ನು ಕಾಗದ ಪತ್ರ. ಫಾರಂ 29, ಫಾರಂ 30, ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35, ಇವನ್ನು ಅವರು ಸಹಸ್ರನಾಮದ ಓಘದಲ್ಲಿ ಹೇಳುತ್ತಾರೆ. ಹಸಿರು ನ್ಯಾಯಮಂಡಳಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಬೆನ್ನು ಹತ್ತಿದ ಮೇಲೆ ದೆಹಲಿಯಿಂದ ಅಗ್ಗದ ಗಾಡಿಗಳು ದಕ್ಷಿಣಕ್ಕೆ ಇಳಿಯತೊಡಗಿದವು. ಆಸೆಪಟ್ಟವರನ್ನೆಲ್ಲ ಅಂಕಲ್ ತಡೆದು ನಿಲ್ಲಿಸಿದರು. ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್ ಕಟ್ಟಿದ ಮೇಲೆ ಅಗ್ಗ ಎಲ್ಲಿ ಉಳಿಯುತ್ತದೆ ಎಂದು ಸಿಗರೇಟ್ ಪ್ಯಾಕಿನ ಹಿಂದೆ ಲೆಕ್ಕ ಹಾಕಿ ತೋರಿಸಿದರು. ಬಾಕಿ ಟ್ರಾಫಿಕ್ ದಂಡವನ್ನೂ ಬಿಡುವುದಿಲ್ಲ. 2023ರ ಫೆಬ್ರವರಿಯಲ್ಲಿ ಸರ್ಕಾರ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಕೊಟ್ಟಾಗಲೂ ಕಟ್ಟದವನು ಎಂಥ ಮಾಲೀಕ, ಅವನು ಆಯಿಲ್ ಬದಲಾಯಿಸಿರುತ್ತಾನೆಯೇ ಎಂಬುದು ಅವರ ತರ್ಕ. ಒಪ್ಪದೆ ವಿಧಿಯಿಲ್ಲ.

ಇಷ್ಟೆಲ್ಲ ತಿಳಿದ ಅಂಕಲ್ ಬಳಿ ಇರುವುದು ಒಂದು ಟಿವಿಎಸ್ ಎಕ್ಸೆಲ್. ಅದನ್ನು ಹೊಸದಾಗಿಯೇ ಕೊಂಡರು. ಸೆಕೆಂಡ್ ಹ್ಯಾಂಡ್ ನಂಬಬಾರದಂತೆ.

ಅವರು ಈವರೆಗೆ ಒಂದೇ ಒಂದು ಗಾಡಿಯನ್ನೂ ಪಾಸು ಮಾಡಿದವರಲ್ಲ. ಆದರೂ ಜನ ಕರೆಯುತ್ತಾರೆ, ಅದಕ್ಕೇ ಕರೆಯುತ್ತಾರೆ ಎಂದು ನನ್ನ ಅನುಮಾನ. ಹೆಂಡತಿಗೆ ಗಾಡಿ ಬೇಕು, ಗಂಡನಿಗೆ ಇಎಂಐ ಭಯ. ಅಂಕಲ್ ಬಂದು ಬೇಡ ಎಂದರೆ ಇಬ್ಬರ ಮರ್ಯಾದೆಯೂ ಉಳಿಯಿತು. ತಪಾಸಣೆಗೆ ಫೀಸಿಲ್ಲ, ಒಂದು ಸ್ಟ್ರಾಂಗ್ ಕಾಫಿ, ಎರಡು ರವೆ ಇಡ್ಲಿ, ಮತ್ತೆ ಹೋಗಿಬರುವಾಗ ಮುಂದಿನ ಎಡಗಡೆ ಸೀಟು. ಆ ಸೀಟನ್ನು ಅವರು ಯಾರಿಗೂ ಬಿಟ್ಟುಕೊಟ್ಟದ್ದಿಲ್ಲ. ಮೀಟರ್ ಕಾಣಬೇಕು, ಗೇರ್ ಬೀಳುವ ಸದ್ದು ಕೇಳಬೇಕು.

ಆ ಸೀಟು ಅವರ ಕೈ ತಪ್ಪಿದ ದಿನ ನಮ್ಮ ಕ್ರಾಸಿನ ಕೊನೆಯ ಮನೆಯವರಿಗೆ ಗಾಡಿ ಸಿಕ್ಕಿತು.

ಇಪ್ಪತ್ತು ಮೂವತ್ತರ ಸೈಟಿನಲ್ಲಿ ಮೂರು ಮಹಡಿ ಏರಿಸಿಕೊಂಡಿರುವ ಮನೆ ಅದು. ಅಜ್ಜಿ, ತಾತ, ಮಗ, ಸೊಸೆ, ಎರಡು ಮಕ್ಕಳು, ಮದುವೆಯಾಗದ ತಂಗಿ, ಒಟ್ಟು ಏಳು ಜನ. ಗಾಡಿ ನಿಲ್ಲಿಸಲು ಜಾಗವಿಲ್ಲ. ಅದು ಕೊಂಡ ಮೇಲೆ ಯೋಚಿಸುವ ವಿಷಯ, ಬಾಪೂಜಿ ನಗರದಲ್ಲಿ ಎಲ್ಲರೂ ಹಾಗೆಯೇ ಮಾಡಿದ್ದಾರೆ. ವರ್ಷಕ್ಕೊಮ್ಮೆ ಮನೆದೇವರು, ಒಮ್ಮೆ ಧರ್ಮಸ್ಥಳ, ಮಧ್ಯೆ ಎರಡು ಮದುವೆ. ಇದಕ್ಕಾಗಿ ಅವರು ನೋಡಿದ್ದು ಚಂದ್ರಾ ಲೇಔಟಿನಲ್ಲಿದ್ದ 2017ರ ಒಂದು ಹೋಂಡಾ ಬಿಆರ್-ವಿ. 2016ರಲ್ಲಿ ಬಂದು 2020ರಲ್ಲೇ ಇಲ್ಲಿ ನಿಂತುಹೋದ ಮಾಡೆಲ್ಲು. ಮೂರು ಸಾಲು ಸೀಟು, ನೆಲದಿಂದ 210 ಮಿಲಿಮೀಟರ್ ಎತ್ತರ. ನಮ್ಮ ಕ್ರಾಸಿನವರೇ ಸಿಮೆಂಟ್ ತಂದು ರಾತ್ರೋರಾತ್ರಿ ಕಟ್ಟಿಕೊಂಡ ಹಂಪುಗಳಿಗೆ ಇದು ಸರಿಯಾದ ಉತ್ತರ ಎಂದು ಮಗನಿಗೆ ಅನಿಸಿತ್ತು.

ಅಂಕಲ್ ಎಂದಿನಂತೆ ಬಾನೆಟ್ ಎತ್ತಿಸಿದರು, ಮೂಸಿದರು, ಅಯಸ್ಕಾಂತ ಇಟ್ಟರು. ಎಡಗಡೆ ಬಾಗಿಲಿಗೆ ಪೇಂಟಾಗಿದೆ, ಟೈರಿಗೆ ವಯಸ್ಸಾಗಿದೆ, ಒಂದು ಬೋಲ್ಟ್ ಬಿಚ್ಚಿದ್ದಾರೆ. ಮೂರು ತಪ್ಪು ಕೈಯಲ್ಲಿದ್ದವು. ನಾಲ್ಕನೆಯದನ್ನು ರಸ್ತೆಯ ಮೇಲೆ ಹಿಡಿದು ಒಟ್ಟಿಗೆ ತೀರ್ಪು ಕೊಡೋಣವೆಂದು ಮುಂದಿನ ಬಾಗಿಲಿನ ಹಿಡಿಗೆ ಕೈ ಹಾಕಿದರು. ಅಷ್ಟರಲ್ಲಿ ಅಜ್ಜಿ, “ನಾನ್ ಮುಂದೆ ಕೂತ್ಕೋತೀನಪ್ಪಾ, ಮಂಡಿ ಬಗ್ಗಲ್ಲ” ಎಂದು ಹತ್ತಿ ಕೂತಾಗಿತ್ತು. ಮಧ್ಯದ ಸಾಲಿಗೆ ತಾತ, ಗಾಡಿ ಮಾರುವವರು, ತಂಗಿ ಸೇರಿಕೊಂಡರು. ಸೊಸೆ ಹತ್ತಲಿಲ್ಲ. ಚಿಕ್ಕ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಹಳ ವಿನಯದಿಂದ ಹೇಳಿದಳು: “ಅಂಕಲ್, ನೀವೇ ಒಂದ್ಸಲ ಹಿಂದೆ ಕೂತು ನೋಡಿಬಿಡಿ. ಎಲ್ರೂ ಇಂಜಿನ್ ನೋಡ್ತಾರೆ, ಹಿಂದಿನ ಸೀಟು ಯಾರೂ ನೋಡಲ್ಲ. ತಗೊಂಡ್ಮೇಲೆ ಅಲ್ಲಿ ಕೂರೋಳು ನಾನೇ.”

ಏಳು ಸೀಟು ಎಂದರೆ ಐದು ಜನ ದೊಡ್ಡವರು, ಇಬ್ಬರು ಚಿಕ್ಕವರು. ಪ್ರತಿ ಮನೆಯಲ್ಲೂ ಈ ಚಿಕ್ಕವರು ಯಾರೆಂದು ಮೊದಲೇ ತೀರ್ಮಾನವಾಗಿರುತ್ತದೆ. ಮೂವತ್ತೈದು ದಾಟಿದ್ದರೂ ಸೊಸೆ ಚಿಕ್ಕವಳೇ. ಅಳಿಯ ಮಾತ್ರ ಇಪ್ಪತ್ತೆಂಟಕ್ಕೇ ದೊಡ್ಡವನಾಗಿ ಮಧ್ಯದ ಸಾಲಿನ ಕಿಟಕಿಗೆ ಹೋಗಿಬಿಡುತ್ತಾನೆ.

ಅಂಕಲ್ ಇಲ್ಲ ಎನ್ನಲಾಗದೆ, ಮಧ್ಯದ ಸೀಟು ಮಡಿಸಿ ಮಾಡಿದ ಸಂದಿಯಲ್ಲಿ ಮೊದಲು ಚೀಲ, ಆಮೇಲೆ ತಲೆ, ಆಮೇಲೆ ಒಂದೊಂದೇ ಕಾಲು ಒಳಗೆ ತೂರಿಸಿದರು. ಪಕ್ಕದಲ್ಲಿ ದೊಡ್ಡ ಹುಡುಗ ಚಿಪ್ಸ್ ಹಿಡಿದು ಕೂತ. ಸೀಟು ಟಪ್ಪೆಂದು ಮುಚ್ಚಿತು. ಜಾಡಿಯ ತಳದಲ್ಲಿ ಉಳಿದ ಕೊನೆಯ ಮಾವಿನಹೋಳಿನಂತೆ ಅಂಕಲ್ ಅಲ್ಲಿ ಸಿಕ್ಕಿಕೊಂಡರು. ಮಂಡಿ ಗದ್ದಕ್ಕೆ ಬಂದಿತ್ತು, ತಲೆ ಹಿಂದಿನ ಗಾಜಿಗೆ ಆತಿತ್ತು. ಎಸಿ ಗಾಳಿ ಮಧ್ಯದ ಸಾಲಿನವರಲ್ಲೇ ಹಂಚಿಹೋಗುತ್ತಿತ್ತು. ಗಾಡಿ ನಾಯಂಡಹಳ್ಳಿ ದಾಟಿ ಮೆಟ್ರೋ ಕಂಬಗಳ ಪಕ್ಕ ದೀಪಾಂಜಲಿ ನಗರದ ಕಡೆ ಬಂತು. ಮೂರನೇ ಸಾಲು ಹಿಂದಿನ ಚಕ್ರದ ನೆತ್ತಿಯ ಮೇಲೇ ಇರುತ್ತದೆ. ಮುಂದೆ ಕೂತವರಿಗೆ ಹಂಪು ಒಂದು ಸುದ್ದಿ, ಹಿಂದೆ ಕೂತವರಿಗೆ ಅದು ಘಟನೆ. ಮೀಟರ್ ಕಾಣದು, ಗೇರ್ ಕೇಳದು. ಮುಂದೆ ಅಜ್ಜಿ ಹಾಕಿಸಿದ ಭಕ್ತಿಗೀತೆ, ಮಧ್ಯೆ ತಾತನ ಮೈಲೇಜ್ ವಿಚಾರಣೆ, ಕಿವಿಯ ಬುಡದಲ್ಲಿ ಚಿಪ್ಸು.

ಗಾಡಿ ನಿಂತಾಗ ಮಗ ಹಿಂದಕ್ಕೆ ತಿರುಗಿ, “ಹೆಂಗಿದೆ ಅಂಕಲ್?” ಎಂದ.

“ಇಂಜಿನ್ ಸೌಂಡೇ ಕೇಳ್ಸಲಿಲ್ವಲ್ಲಪ್ಪಾ!” ಎಂದರು ಅಂಕಲ್, ಅಳುವುದೊಂದು ಬಾಕಿ.

“ನೋಡಿದ್ಯೇನಮ್ಮಾ, ಅಂಕಲ್ಲೇ ಇಂಜಿನ್ ಸೌಂಡಿಲ್ಲ ಅಂದ್ರು!” ಮಗ ಜಿಗಿದಿಳಿದ. ಅಜ್ಜಿ ಇಳಿಯಿತು, ತಾತ ಇಳಿದರು, ಮಾರುವವರು ಎದೆಯುಬ್ಬಿಸಿ ಇಳಿದರು. ಅಂಕಲ್ ಬಾಯಿಂದ ಇಂಥ ಮಾತು ಬಾಪೂಜಿ ನಗರದಲ್ಲಿ ಯಾರೂ ಕೇಳಿರಲಿಲ್ಲ. ಒಳಗಿನಿಂದ “ಅದು ಹಂಗಲ್ಲಾ... ಎಡಗಡೆ ಬಾಗಿಲು... ಏ, ಈ ಸೀಟ್ ಎತ್ತ್ರೋ” ಎಂಬ ಕೂಗು ಬರುತ್ತಲೇ ಇತ್ತು. ಗಾಜು ಏರಿಸಿದ್ದರಿಂದ ಅದೂ ಸರಿಯಾಗಿ ಕೇಳಿಸಲಿಲ್ಲ. ಬೀದಿಯಲ್ಲಿದ್ದ ಯಾರೋ ಬಂದು ಸೀಟು ಮಡಿಸಿ ಅವರನ್ನು ಬಿಡಿಸುವ ಹೊತ್ತಿಗೆ ಮಗನ ಫೋನಿನಿಂದ ಹತ್ತು ಸಾವಿರ ಟೋಕನ್ ಹೋಗಿತ್ತು. ಅಂಕಲ್ ಹೇಳಬೇಕೆಂದು ಬಾಯಿ ತೆರೆದರು. ಸುತ್ತ ನಿಂತವರೆಲ್ಲ ಅವರ ಕೈ ಕುಲುಕುತ್ತಿದ್ದರು. ಬಾಯಿ ಮುಚ್ಚಿದರು.

ಸೊಸೆ ಮಾತ್ರ ಪಕ್ಕಕ್ಕೆ ಕರೆದು ಕೇಳಿದಳು: “ನಿಜ ಹೇಳಿ ಅಂಕಲ್, ಹಿಂದೆ ಹೆಂಗಿದೆ?”

“ಬಿಡದಿ ತನಕ ಪರವಾಗಿಲ್ಲಮ್ಮಾ. ಧರ್ಮಸ್ಥಳಕ್ಕೆ ನೀನು ಬಸ್ಸಲ್ಲಿ ಹೋಗು” ಎಂದರಂತೆ. ತಾಂತ್ರಿಕವಾಗಿ ಇದು ಅವರ ಜೀವನದ ಅತ್ಯಂತ ಖಚಿತವಾದ ವರದಿ ಎಂದು ನನ್ನ ಅಭಿಪ್ರಾಯ.

ಮುಂದಿನ ಶನಿವಾರ ಗಾಳಿ ಆಂಜನೇಯನ ಗುಡಿ ಮುಂದೆ ಪೂಜೆ. ಅಲ್ಲಿ ಎಂದಿನಂತೆ ಹೊಸ ಸ್ಕೂಟರು, ಹಳೇ ಟೆಂಪೊ, ಟ್ಯಾಕ್ಸಿ ಎಲ್ಲವೂ ಹೂವಿನ ಹಾರ ಹಾಕಿಕೊಂಡು ಸಾಲಾಗಿ ನಿಂತಿದ್ದವು. ಅರ್ಚಕರು ಆರತಿ ಎತ್ತಿ, ಕುಂಬಳಕಾಯಿ ಒಡೆಸಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಡಿಸಿದರು. ಮಗ ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟ. ಎಲ್ಲರೂ ಕೈ ಮುಗಿದು ನಿಂತಿದ್ದರೆ, ಅಂಕಲ್ ಒಬ್ಬರೇ ಪಂಚೆ ಎತ್ತಿ ಕಟ್ಟಿಕೊಂಡು ಕುಕ್ಕರುಗಾಲಲ್ಲಿ ಕೂತು ಟಾರ್ಚ್ ಬಿಡುತ್ತಿದ್ದರು.

“ಮುಂದಿನ ಎಡಗಡೆದು ನೋಡಿ, ಹಣ್ಣು ಒಂದೇ ಕಡೆ ಅಪ್ಪಚ್ಚಿ ಆಗಿದೆ” ಎಂದರು ಮೇಲೆದ್ದು. “ಅಲೈನ್‌ಮೆಂಟ್ ಔಟು.”